ಡಿಂಪ್ನಾ ದನಗಳನ್ನು ಗುಡ್ಡ ಹತ್ತಿಸಿದ್ದು

ಕಾಹರ್‌ಡೂನಿನ ಒರತೆಯಲ್ಲಿ ಹಸಿರು ನೀರು ಬಂದ ದಿನ ಊರಿಗೆ ಊರೇ ರಸ್ತೆ ಬದಿಗೆ ಬಂದು ನಿಂತಿತ್ತು. ಹಿಂದಿನ ಬೆಳಿಗ್ಗೆ ನೀರು ಪರೀಕ್ಷೆ ಮಾಡುವವನೊಬ್ಬ ಬಂದು, ಎಂಡಾ ಟ್ರೇಸಿಯ ಕೊಟ್ಟಿಗೆಯ ಹಿಂದೆ, ಸಗಣಿಗುಂಡಿಯ ಮಗ್ಗುಲಲ್ಲಿ ಒಂದು ಬಕೆಟ್ ಹಸಿರು ಬಣ್ಣ ಸುರಿದು ಹೋಗಿದ್ದ. ಅಲ್ಲಿ ಸುರಿದದ್ದು ಅರ್ಧ ಮೈಲಿ ದೂರದ ಒರತೆಯಲ್ಲಿ ಎದ್ದಿತು. ಐದು ಮನೆಗಳವರು ಕುಡಿಯುವ ನೀರು ಅದು. ಚಳಿಗಾಲದಲ್ಲಿ ಅದು ಕೆಟ್ಟು ಮನೆಮನೆಯಲ್ಲೂ ಹೊಟ್ಟೆನೋವು. ಡೆಲಿಯಾ ಕೆರಿನ್‌ಳ ಮೊಮ್ಮಗಳಂತೂ ಆಸ್ಪತ್ರೆ ಸೇರಿ ಬದುಕಿ ಬಂದಿದ್ದಳು. ಕಾರಣ ಯಾರ ಮನೆಯದು ಎಂದು ಈಗ ಯಾರೂ ಬಾಯಿಬಿಟ್ಟು ಹೇಳಬೇಕಾಗಿರಲಿಲ್ಲ.

ಯಾರೂ ಹೇಳಲೂ ಇಲ್ಲ, ಮ್ಯಾಲಕಿ ನೇಗಲ್ ಒಬ್ಬನನ್ನು ಬಿಟ್ಟು. ಎಪ್ಪತ್ತು ದಾಟಿದ ಒಂಟಿ ಮುದುಕ, ಎಂಡಾನ ಪಕ್ಕದ ಜಮೀನಿನವನು. "ಸಂತ ಪ್ಯಾಟ್ರಿಕ್ಕನ ಹಸಿರು ಹಬ್ಬ ಮುಗಿದು ತಿಂಗಳಾಯ್ತಲ್ಲೋ ಎಂಡಾ! ಈಗ ಬಣ್ಣ ಮಾಡಿಸಿದ್ದೀಯಲ್ಲ," ಎಂದ. ನಾಲ್ಕು ಜನ ನಕ್ಕರು. ಎಂಡಾನ ಕಿವಿ ಕೆಂಪಾಯಿತು. ಅವನು ಟಿಪ್ಪರೇರಿಯ ಬಯಲಿನವನು, ಮದುವೆಯಾಗಿ ಹೆಂಡತಿಯ ಮನೆಗೆ ಬಂದು ನೆಲೆಸಿದ ಮನೆಅಳಿಯ. ಮೂವತ್ತು ವರ್ಷವಾದರೂ ಕಾಹರ್‌ಡೂನಿನವರಿಗೆ ಅವನು ಹೊರಗಿನವನೇ. ಅವನ ಹೆಂಡತಿ ಡಿಂಪ್ನಾ ನಗುವವರ ಕಡೆ ನೋಡಲಿಲ್ಲ. ಅವಳು ನೋಡಿದ್ದು ಡೆಲಿಯಾಳನ್ನು. ಡೆಲಿಯಾ ನಗಲಿಲ್ಲ, ಬೈಯಲಿಲ್ಲ. ಖಾಲಿ ಕ್ಯಾನು ಹಿಡಿದುಕೊಂಡು ಸುಮ್ಮನೆ ಮನೆಗೆ ನಡೆದಳು.

ಮನೆಗೆ ಬಂದದ್ದೇ ಎಂಡಾ ಶುರುಮಾಡಿದ. "ಇನ್ನೊಂದು ಗುಂಡಿ ಕಟ್ಟಿಸ್ತೀನಿ. ದಪ್ಪ ಕಾಂಕ್ರೀಟು ಹಾಕಿಸಿ. ಒಂದು ಹನಿ ಆಚೆ ಹೋಗಬಾರದು, ಹಾಗೆ."

"ಎಲ್ಲಿ ಕಟ್ಟಿಸ್ತೀಯ? ಈ ಊರಲ್ಲಿ ಕಾಲಿಟ್ಟ ಕಡೆಯೆಲ್ಲ ಕೆಳಗೆ ತೂತು. ಇದು ಬಂಡೆ ಅಲ್ಲ ಎಂಡಾ, ಜರಡಿ."

"ಮತ್ತೇನು ಮಾಡ್ಲಿ? ಹೇಲಬೇಡಿ ಅಂತ ದನಗಳಿಗೆ ಬುದ್ಧಿ ಹೇಳ್ಲಾ?"

"ಮೇಲೆ ಹೋಗಿ ಅಲ್ಲೊಂದು ಇಲ್ಲೊಂದು ಹೇಲಲಿ, ಒಂದೇ ಕಡೆ ಕೂಡೋದು ಬೇಡ. ನಮ್ಮಪ್ಪನ ಕಾಲದಲ್ಲಿ ಗುಂಡಿ ಇತ್ತಾ? ಚಳಿಗಾಲ ಬಂತೆಂದರೆ ದನ ಗುಡ್ಡದ ಮೇಲೆ. ಬೇಸಿಗೆಗೆ ಕೆಳಗೆ. ಕೊಟ್ಟಿಗೇಲಿ ಆರು ತಿಂಗಳು ಕೂಡಿಹಾಕಿ ಹುಳಿಸಿದ ರಸಮೇವು ತಿನ್ನಿಸೋದನ್ನ ಈ ಮನೆಗೆ ತಂದೋನು ನೀನು."

"ಆ ಗುಡ್ಡ ಈಗೆಲ್ಲಿದೆ? ಹೇಜಲ್ ಪೊದೆ ಮುಚ್ಕೊಂಡು ಮೊಲಕ್ಕೂ ದಾರಿ ಇಲ್ಲ."

"ಕಡಿಯೋಣ."

"ಯಾರು?"

"ನಾನು," ಎಂದಳು ಡಿಂಪ್ನಾ, ಕೆಟಲ್ ಒಲೆಯ ಮೇಲಿಡುತ್ತ.

ಆ ನಾಡಿನ ಗುಡ್ಡಗಳೇ ಹಾಗೆ. ಬರಿಯ ಬೂದುಬಣ್ಣದ ಸುಣ್ಣಕಲ್ಲು. ಬೇಸಿಗೆಯ ಬಿಸಿಲನ್ನು ಹೀರಿಟ್ಟುಕೊಂಡು ಚಳಿಗಾಲದಲ್ಲಿ ಬೆಚ್ಚಗಿರುತ್ತವೆ, ಮಳೆಯ ನೀರು ನಿಲ್ಲದೆ ಇಂಗುತ್ತದೆ. ಹಸುಗಳಿಗೆ ಮಲಗಲು ಒಣ ಜಾಗ, ಕಲ್ಲಿನ ಸಂದಿಯಲ್ಲಿ ಬೇಸಿಗೆಯಿಂದ ಉಳಿದ ಹುಲ್ಲು. ದನ ಮೇಯುವುದು ನಿಂತರೆ ಮಾತ್ರ ಹೇಜಲ್ ಪೊದೆ ಸುಮ್ಮನಿರುವುದಿಲ್ಲ. ಡಿಂಪ್ನಾಳ ತಂದೆ ತೀರಿಕೊಂಡಾಗಿನಿಂದ ಅದು ವರ್ಷ ವರ್ಷ ಕೆಳಗಿಳಿದು, ದನ ಹತ್ತುತ್ತಿದ್ದ ಹಳೆಯ ದಾರಿಯನ್ನೂ ನುಂಗಿಬಿಟ್ಟಿತ್ತು.

ಹಕ್ಕಿಗಳು ಗೂಡು ಕಟ್ಟುವ ಕಾಲ ಮುಗಿಯುವವರೆಗೆ ಪೊದೆ ಕಡಿಯುವಂತಿಲ್ಲ ಎಂಬುದು ಕಾನೂನು. ಡಿಂಪ್ನಾ ಸೆಪ್ಟೆಂಬರಿನವರೆಗೆ ಕಾದಳು. ಮೊದಲ ವಾರವೇ ಅಪ್ಪನ ಹಳೆಯ ಮಚ್ಚು, ಒಂದು ಕೈಗರಗಸ ಹಿಡಿದು ದಾರಿಯ ಬುಡದಲ್ಲಿ ನಿಂತಳು. ಐವತ್ತೇಳರ ಹೆಂಗಸು, ಮಂಡಿನೋವಿನವಳು. ಮೊದಲ ದಿನ ಸಂಜೆ ಹಿಂತಿರುಗಿ ನೋಡಿದಾಗ ತಾನು ಬಿಡಿಸಿದ್ದು ಅಡುಗೆಮನೆಯಷ್ಟು ಜಾಗವೂ ಇಲ್ಲ ಎಂದು ಕಂಡಿತು. ಮರುದಿನ ಮತ್ತೆ ಹೋದಳು.

ಕೆಳಗೆ ರಸ್ತೆಯಲ್ಲಿ ಹೋಗುವವರು ಕಾರಿನ ಗಾಜಿಳಿಸಿ, "ಏನು ಡಿಂಪ್ನಾ, ನಿಧಿ ಹುಡುಕ್ತಿದ್ದೀಯಾ?" ಎನ್ನುವರು. "ಹೌದು, ಸಿಕ್ಕರೆ ನಿನಗೆ ಕೊಡಲ್ಲ," ಎಂದು ಅವಳು ತಲೆ ಎತ್ತದೆ ಹೇಳುವಳು.

ದಾರಿ ಬಿಡಿಸುವುದಕ್ಕಿಂತ ದೊಡ್ಡ ತೊಡಕು ನೀರಿನದು. ಗುಡ್ಡದ ಮೇಲೆ ಬತ್ತದ ನೀರಿದ್ದುದು ಒಂದೇ ಕಡೆ: ಬಂಡೆಯ ಬುಡದ ಸಣ್ಣ ಒರತೆ, ಅದರ ಕೆಳಗೊಂದು ಕಲ್ಲುಬಾನಿ. ಅದು ಎಲ್ಲೆಯ ಕಲ್ಲುಗೋಡೆಯಾಚೆ, ಮ್ಯಾಲಕಿಯ ಪಾಲಿನಲ್ಲಿತ್ತು. ಒಂದು ಸಂಜೆ ಡಿಂಪ್ನಾ ಅವನ ಮನೆಗೆ ಹೋದಳು. ಅವನು ಆಲೂಗಡ್ಡೆ ಸುಲಿಯುತ್ತ ಬಾಗಿಲಿಗೆ ಬಂದ. ಒಳಗೆ ಬಾ ಎನ್ನಲಿಲ್ಲ, ಬಾಗಿಲನ್ನೂ ಹಾಕಲಿಲ್ಲ.

"ನಿಮ್ಮ ಬಾನಿಯ ನೀರು ಬೇಕಿತ್ತು ಮ್ಯಾಲಕಿ. ಈ ಚಳಿಗಾಲ, ನಮ್ಮ ದನಗಳಿಗೆ."

"ಬೇಕಿತ್ತಾ." ಅವನು ಸಿಪ್ಪೆಯನ್ನು ಅಂಗಳಕ್ಕೆ ಎಸೆದ. "ನಿಮ್ಮಪ್ಪ ಆ ದಾರಿಗೆ ಗೇಟಿಟ್ಟು ಬೀಗ ಜಡಿದಿದ್ದ, ಗೊತ್ತಾ? ದಾರಿ ತನ್ನದು ಅಂತ. ನಮ್ಮ ದನ ಮೇಲಿದ್ವು. ಹಿಮ ಬಿತ್ತು. ನಮ್ಮಪ್ಪ ಸುತ್ತು ಹಾಕ್ಕೊಂಡು ಆ ಕಡೆಯಿಂದ ಹತ್ತಿ ಹೋಗೋವಷ್ಟರಲ್ಲಿ ಮೂರು ಹಸು ಸತ್ತು ಬಿದ್ದಿದ್ವು."

"ನನಗೆ ಗೊತ್ತಿರಲಿಲ್ಲ."

"ಹೇಗೆ ಗೊತ್ತಾಗುತ್ತೆ? ಮಾಡಿದ್ದನ್ನ ಮಗಳ ಹತ್ತಿರ ಹೇಳ್ಕೊಂಡು ಓಡಾಡ್ತಾನಾ?"

ಡಿಂಪ್ನಾಗೆ ತಂದೆಯ ಪರವಾಗಿ ಏನಾದರೂ ಹೇಳಬೇಕೆನಿಸಿತು. "ಆ ಗೇಟು ಈಗಿಲ್ಲ. ನಾನು ದಾರಿ ಬಿಡಿಸಿದ ಮೇಲೆ ನಿಮ್ಮ ದನಗಳೂ ಹೋಗಬಹುದು," ಎಂದಳು.

"ನನ್ನ ದನ ಎಲ್ಲೂ ಹೋಗಲ್ಲ. ನಿನ್ನವೂ ನನ್ನ ಗೋಡೆ ದಾಟಿ ಬರೋದು ಬೇಡ ತಾಯಿ."

"ಸರಿ. ಹಾಗಾದರೆ ನೀರು ಹೊತ್ತು ಹಾಕ್ತೀನಿ," ಎಂದು ಡಿಂಪ್ನಾ ತಿರುಗಿದಳು. ಹಿಂದಿನಿಂದ ಅವನು ನಕ್ಕದ್ದು ಕೇಳಿಸಿತು.

ಒಂದು ಶನಿವಾರ ಬೆಳಿಗ್ಗೆ ಅವಳು ದಾರಿಗೆ ಬಂದಾಗ ಅವಳಿಗಿಂತ ಮೊದಲೇ ಡೆಲಿಯಾ ಬಂದು ಗರಗಸ ಎಳೆಯುತ್ತಿದ್ದಳು. ಡಿಂಪ್ನಾ ಮಚ್ಚು ಕೆಳಗಿಟ್ಟು ಅವಳನ್ನೇ ನೋಡಿದಳು.

"ಹಾಗೆ ನೋಡಬೇಡ," ಎಂದಳು ಡೆಲಿಯಾ. "ನನ್ನ ಮೊಮ್ಮಗಳಿಗೋಸ್ಕರ ಬಂದಿದ್ದು, ನಿನ್ನ ದನಕ್ಕಲ್ಲ. ನಿನ್ನ ಮೇಲೆ ಸಿಟ್ಟು ಇನ್ನೂ ಇದೆ."

"ಇರಲಿ. ಆ ಕೊಂಬೆ ಹಿಡ್ಕೋ."

ಹಿಡಿದುಕೊಂಡಳು. ಮಧ್ಯಾಹ್ನದ ಹೊತ್ತಿಗೆ ಸಿಟ್ಟನ್ನೆಲ್ಲ ಬೈದು ತೀರಿಸಿಕೊಂಡು, ಫ್ಲಾಸ್ಕಿನ ಚಹಾ ಇಬ್ಬರಿಗೂ ಬಗ್ಗಿಸಿದಳು. ಮುಂದಿನ ಭಾನುವಾರ ಚರ್ಚು ಬಿಟ್ಟ ಮೇಲೆ ಉಳಿದ ಮನೆಗಳವರೂ ಬಂದರು. ಕೆಲವರು ನೀರಿನ ಚಿಂತೆಯಿಂದ, ಕೆಲವರು ಬರದಿದ್ದರೆ ಬೇರೆಯವರು ಏನಂದುಕೊಂಡಾರು ಎಂದು. ಕಡಿದ ಪೊದೆಯ ರಾಶಿ ಎದೆಯೆತ್ತರ ಬೆಳೆಯಿತು. ಹೇಜಲ್ ನಡುವೆ ಹೆಣೆದುಕೊಂಡಿದ್ದ ಮುಳ್ಳುಬಳ್ಳಿ ಗೀರಿ ಎಲ್ಲರ ಮುಂಗೈಯಲ್ಲೂ ರಕ್ತ.

ಎಂಡಾ ಆ ಹೊತ್ತಿನವರೆಗೂ ಮನೆಯಲ್ಲೇ ಕೂತಿದ್ದ. ತನ್ನ ಹೆಂಡತಿಯ ದಾರಿಯನ್ನು ಊರಿನ ಗಂಡಸರು ಕಡಿಯುವ ಸದ್ದು ಕಿಟಕಿಯಿಂದ ಕೇಳುತ್ತಿತ್ತು. ಎಷ್ಟು ಹೊತ್ತು ತಾನೆ ಕೂತಾನು? ಮಧ್ಯಾಹ್ನದ ನಂತರ ಯಂತ್ರದ ಗರಗಸ ಹೆಗಲಿಗೇರಿಸಿ ಬಂದ. "ಹೀಗೆ ಕೆರಕೊಂಡು ಕೂತರೆ ದನಗಳು ಮುದಿಯಾಗ್ತವೆ ಅಷ್ಟೇ. ಸರೀರಿ ಆಚೆ," ಎಂದು ಹಗ್ಗ ಎಳೆದು ಯಂತ್ರ ಶುರುಮಾಡಿದ. ಡಿಂಪ್ನಾ ಸರಿದು ಜಾಗ ಬಿಟ್ಟಳು. ಆಮೇಲೆ ಕತ್ತಲಾಗುವವರೆಗೂ ಅವನು ಕತ್ತರಿಸಿದ್ದನ್ನು ಅವಳು ಎಳೆದು ಹಾಕಿದಳು.

ಅಕ್ಟೋಬರ್ ಕೊನೆಗೆ ದನಗಳು ಗುಡ್ಡ ಹತ್ತಿದವು. ಕೊಟ್ಟಿಗೆಯಲ್ಲೇ ಚಳಿಗಾಲ ಕಳೆದು ಅಭ್ಯಾಸವಾದ ಹಸುಗಳು ಮೊದಲು ಕಲ್ಲಿನ ಮೇಲೆ ಕಾಲಿಡಲು ಹೆದರಿ, ಮೂತಿ ತಗ್ಗಿಸಿ ಮೂಸುತ್ತ ನಿಂತವು. ಡಿಂಪ್ನಾ ಮುಂದೆ ನಿಂತು, ಅಪ್ಪ ಕೂಗುತ್ತಿದ್ದ ಹಾಗೆ, ಗಂಟಲಿನ ಆಳದಿಂದ ಕೂಗಿದಳು. ಒಂದು ಹತ್ತಿತು, ಉಳಿದವು ಅದರ ಬಾಲ ಹಿಡಿದು ಹೊರಟವು. ಮೇಲೆ ಅವಳು ದೊಡ್ಡ ಟಬ್ಬುಗಳನ್ನು ಸಾಲಾಗಿ ಇಟ್ಟಿದ್ದಳು. ಮಳೆ ಬಂದ ದಿನ ಅವು ತಾವೇ ತುಂಬುತ್ತಿದ್ದವು. ಬಾರದ ದಿನ ಟ್ರಾಕ್ಟರು ಅರ್ಧ ದಾರಿಯವರೆಗೆ. ಅಲ್ಲಿಂದ ಮೇಲೆ ಡಿಂಪ್ನಾಳ ಹೆಗಲು, ಎರಡು ಕ್ಯಾನು.

ನವೆಂಬರಿನಲ್ಲಿ ಒಂದು ಹಸುವಿನ ಕಾಲು ಬಂಡೆಯ ಬಿರುಕಿಗೆ ಸಿಕ್ಕಿ ಮುರಿಯಿತು. ಪಶುವೈದ್ಯ ಬಂದು ನೋಡಿ, ಇದು ಉಳಿಯುವುದಿಲ್ಲ, ನರಳುವುದು ಬೇಡ ಎಂದು ಬಂದೂಕು ತೆಗೆದ. ಗುಂಡಿನ ಸದ್ದು ಕೇಳುವಾಗ ಡಿಂಪ್ನಾ ಗೋಡೆಯ ಮರೆಯಲ್ಲಿ ನಿಂತಿದ್ದಳು. ಆ ಹಸು ಹುಟ್ಟುವಾಗ ಅದಕ್ಕೆ ಹಗ್ಗ ಕಟ್ಟಿ ಹೊರಗೆಳೆದವಳು ಅವಳೇ.

"ಸಾಕು ಡಿಂಪ್," ಎಂದ ಎಂಡಾ. ಅವನ ದನಿಯಲ್ಲಿ ಗೆದ್ದ ಭಾವ ಇರಲಿಲ್ಲ, ಸಂಕಟವಿತ್ತು. "ಕೆಳಗೆ ತಗೊಂಡು ಹೋಗೋಣ. ಯಾರೂ ಏನೂ ಅನ್ನಲ್ಲ."

"ಕೊಟ್ಟಿಗೇಲಿ ಹಸು ಸತ್ತೇ ಇಲ್ವಾ?"

"ಸತ್ತಿವೆ."

"ಆಗ ಕೊಟ್ಟಿಗೆ ಬಿಟ್ಟು ಬಿಡೋಣ ಅಂದ್ಯಾ?" ಅವಳು ತೋಳಿನಿಂದ ಮುಖ ಒರೆಸಿಕೊಂಡಳು. "ಆ ಬಿರುಕಿಗೆ ಕಲ್ಲು ತುಂಬೋಣ ಬಾ. ಅಂಥವು ಇನ್ನೂ ಎಲ್ಲೆಲ್ಲಿವೆ ನೋಡೋಣ."

ಆ ವಾರವೆಲ್ಲ ಇಬ್ಬರೂ ಹುಲ್ಲಿನೊಳಗೆ ಅಡಗಿದ್ದ ಬಿರುಕುಗಳನ್ನು ಹುಡುಕಿ ಹುಡುಕಿ ಮುಚ್ಚಿದರು. ಮ್ಯಾಲಕಿ ಗೋಡೆಯಾಚೆ ಕೋಲೂರಿ ನಿಂತು ನೋಡಿದ. ಆ ದಿನಗಳಲ್ಲಿ ಅವನು ಒಂದು ಕುಚೋದ್ಯವನ್ನೂ ಆಡಲಿಲ್ಲ.

ಕ್ರಿಸ್ಮಸ್ಸಿಗೆ ಮುಂಚೆ ಮಳೆ ನಿಂತು ಕೊರೆಯುವ ಚಳಿ ಬಿತ್ತು. ಟಬ್ಬುಗಳು ತಳದವರೆಗೆ ಗಡ್ಡೆ ಕಟ್ಟಿದವು. ಡಿಂಪ್ನಾ ಕ್ಯಾನುಗಳಲ್ಲಿ ಬಿಸಿನೀರು ಹೊತ್ತು ದಿನಕ್ಕೆ ಮೂರು ಸಲ ಹತ್ತಿದಳು, ಮೂರನೆಯ ಸಲ ದಾರಿಯಲ್ಲಿ ಎರಡು ಕಡೆ ಕೂತು. ಹಾಗೇ ಒಂದು ಬೆಳಿಗ್ಗೆ ಮೇಲೆ ಬಂದಾಗ ಗೋಡೆ ಒಂದೆಡೆ ಕುಸಿದಿರುವುದು ಕಂಡಿತು. ಕಂದು ಕಡಸು ಕಾಣಲಿಲ್ಲ. ನೀರಿನ ವಾಸನೆ ಹಿಡಿದು ಆಚೆ ನುಗ್ಗಿದೆ ಎಂದು ತಿಳಿಯಲು ಹೆಚ್ಚು ಹೊತ್ತು ಬೇಕಾಗಲಿಲ್ಲ. ಆಚೆ ಮ್ಯಾಲಕಿಯ ಟೋಪಿಯೂ ಕಂಡಿತು. ಕ್ಯಾನುಗಳನ್ನು ಕೆಳಗಿಟ್ಟು, ಎಷ್ಟು ಬೈದರೂ ತಿರುಗಿ ಮಾತಾಡಬಾರದು, ಕಡಸನ್ನು ಹೊಡೆದುಕೊಂಡು ಬರಬೇಕು ಎಂದುಕೊಳ್ಳುತ್ತ ಕಲ್ಲು ದಾಟಿದಳು.

ಮ್ಯಾಲಕಿ ಬಾನಿಯ ಬದಿಗೆ ಮಂಡಿಯೂರಿ, ಕೋಲಿನ ತುದಿಯಿಂದ ಮಂಜುಗಡ್ಡೆ ಒಡೆಯುತ್ತಿದ್ದ. ಕಡಸು ಅವನ ಭುಜದ ಮೇಲಿಂದ ಕತ್ತು ಚಾಚಿ, ಒಡೆದಷ್ಟು ಜಾಗದಲ್ಲಿ ಸೊರ್ರನೆ ಕುಡಿಯುತ್ತಿತ್ತು.

"ತಡಿಯೇ ಮುಂಡೇದೆ, ಕೈ ಕುಡಿದುಬಿಡ್ತೀಯ," ಎಂದು ಅದನ್ನು ಬೈದ. ಆಮೇಲೆ ಡಿಂಪ್ನಾ ನಿಂತಿರುವುದನ್ನು ಕಂಡು ಕೋಲು ಹಿಡಿದು ಕಷ್ಟದಿಂದ ಎದ್ದ.

"ಗೋಡೆ ಈಗಲೇ ಕಟ್ಟಿಸ್ತೀನಿ," ಎಂದಳು ಅವಳು.

ಅವನು ಕುಸಿದ ಗೋಡೆಯ ಕಡೆ ನೋಡಿದ. "ಆ ಜಾಗದಲ್ಲಿ ಅದು ಯಾವಾಗಲೂ ಬೀಳುತ್ತೆ," ಎಂದ. "ನಮ್ಮಪ್ಪ ಕಟ್ಟಿದ್ದಾಗಲೂ ಬೀಳ್ತಿತ್ತು. ಎಷ್ಟು ಕಟ್ಟಿದರೂ ಅಷ್ಟೇ. ಸುಮ್ಮನೆ ಮೈಕೈ ನೋವು."

ಡಿಂಪ್ನಾ ಗೋಡೆಯನ್ನು ನೋಡಿದಳು. ಎರಡೂ ಬದಿಯ ಕಲ್ಲುಗಳ ಮೇಲೆ ತಲೆಮಾರಿನ ಪಾಚಿ. ಅದು ಹಿಂದೆಂದೂ ಬಿದ್ದ ಗೋಡೆಯಲ್ಲ.

"ಹಾಗಾದರೆ ಕಟ್ಟೋದು ದಂಡ," ಎಂದಳು ಮೆಲ್ಲಗೆ.

"ದಂಡ." ಅವನು ಟೋಪಿ ಸರಿಮಾಡಿಕೊಂಡು ಇಳಿಯತೊಡಗಿದ. ನಾಲ್ಕು ಹೆಜ್ಜೆ ಹೋಗಿ, ತಿರುಗದೆಯೇ, "ಬಾನಿಯ ಹಿಂದೆ ಕಸ ಕಟ್ಟಿಕೊಂಡಿದೆ. ತೆಗೆದರೆ ಇನ್ನೂ ನೀರು ಬರುತ್ತೆ. ನನ್ನ ಕೈ ಒಳಗೆ ಹೋಗಲ್ಲ ಈಗ," ಎಂದ.

ಅವಳು ತೋಳು ಮೇಲೇರಿಸಿ, ಬಂಡೆಯ ಸಂದಿಗೆ ಭುಜದವರೆಗೆ ಕೈ ಹಾಕಿ, ವರ್ಷಗಟ್ಟಲೆಯ ಎಲೆಗೊಬ್ಬರವನ್ನು ಹಿಡಿಹಿಡಿಯಾಗಿ ಎಳೆದಳು. ಬೆರಳು ಮರಗಟ್ಟಿದವು. ಕೊನೆಗೆ ಒಳಗೆಲ್ಲೋ ಏನೋ ಸಡಿಲಗೊಂಡು ನೀರು ಅವಳ ಮುಖಕ್ಕೇ ಚಿಮ್ಮಿತು. ಅವಳು ಅಲ್ಲೇ, ಮೂಗು ಬಾಯಲ್ಲಿ ಕೆಸರು ತುಂಬಿಕೊಂಡು, ಒಬ್ಬಳೇ ಗಟ್ಟಿಯಾಗಿ ನಕ್ಕಳು. ಗುಡ್ಡದ ಅರ್ಧಕ್ಕಿಳಿದಿದ್ದ ಮ್ಯಾಲಕಿಗೂ ಅದು ಕೇಳಿರಬೇಕು.

ಆ ಚಳಿಗಾಲ ಕೊಟ್ಟಿಗೆ ಖಾಲಿ ಇತ್ತು, ಗುಂಡಿ ಒಣಗಿತ್ತು. ಕೆಳಗಿನ ಒರತೆಯ ನೀರು ಪರೀಕ್ಷೆ ಮಾಡಿದವರು ಒಂದು ಸಲ ಚೆನ್ನಾಗಿದೆ ಎಂದರು, ಇನ್ನೊಂದು ಸಲ ಸ್ವಲ್ಪ ಕಾಯಿಸಿ ಕುಡಿಯಿರಿ ಎಂದರು, ಆಮೇಲೆ ಮತ್ತೆ ಚೆನ್ನಾಗಿದೆ ಎಂದರು. ಕಲ್ಲಿನ ಹೊಟ್ಟೆಯಲ್ಲಿ ಎಷ್ಟು ವರ್ಷದ ಕೊಳೆ ಇದೆಯೋ ಯಾರಿಗೆ ಗೊತ್ತು? ಡೆಲಿಯಾ ಕಾಯಿಸುವುದನ್ನು ಬಿಡಲಿಲ್ಲ. ಕಡಿದ ಹೇಜಲ್ ಬುಡಗಳೂ ಮಾರ್ಚಿಗೆ ಚಿಗುರು ತೋರಿಸಿದವು. "ನೋಡು, ಮತ್ತೆ ಬಂತು," ಎಂದ ಎಂಡಾ. "ಸೆಪ್ಟೆಂಬರೂ ಮತ್ತೆ ಬರುತ್ತೆ," ಎಂದಳು ಡಿಂಪ್ನಾ.

ಏಪ್ರಿಲ್ ಕೊನೆಗೆ ದನಗಳನ್ನು ಇಳಿಸುವ ದಿನ ಬಂತು. ಹಸುಗಳು ಸ್ವಲ್ಪ ಸೊರಗಿದ್ದವು, ಆದರೆ ಮೈ ಮೇಲೆ ಸಗಣಿಯ ಒಂದು ಹಕ್ಕಳೆಯೂ ಇಲ್ಲ, ಕಣ್ಣು ಹೊಳೆಯುತ್ತಿದ್ದವು. ಅವು ಹುಲ್ಲು ಮೇಯ್ದ ಜಾಗದಲ್ಲೆಲ್ಲ ಪುಟ್ಟ ನೀಲಿ ಹೂಗಳು ಕಲ್ಲಿನ ನಡುವೆ ಎದ್ದಿದ್ದವು. ಎಂಡಾ ಮುಂದೆ ನಿಂತು ಕರೆದ. ಅವನ ಬಾಯಲ್ಲೂ ಈಗ ಮಾವನ ಕೂಗೇ ಬರುತ್ತಿತ್ತು, ಒಂದಿಷ್ಟು ಟಿಪ್ಪರೇರಿಯ ಎಳೆತದೊಂದಿಗೆ. ದನಗಳು ಒಂದರ ಹಿಂದೆ ಒಂದು ಹೊರಟವು. ಕೊನೆಯ ಹಸು ಮಾತ್ರ, ಹೋದ ಶರತ್ಕಾಲದಲ್ಲಿ ಕಲ್ಲಿಗೆ ಕಾಲಿಡಲು ಎಲ್ಲಕ್ಕಿಂತ ಹೆಚ್ಚು ಹೆದರಿದ್ದ ಮುದಿ ಹಸು, ಅರ್ಧದಲ್ಲಿ ತಿರುಗಿ ಮತ್ತೆ ಮೇಲಕ್ಕೆ ನಡೆಯಿತು.

"ಹೊಡಿಯೇ ಅದಕ್ಕೆ!" ಎಂದು ಎಂಡಾ ಕೆಳಗಿನಿಂದ ಕೂಗಿದ.

ಡಿಂಪ್ನಾ ಕೋಲು ಎತ್ತಲಿಲ್ಲ. ಬಿಸಿಲು ಬಿದ್ದ ಬಂಡೆಯ ಮೇಲೆ ಕೂತು, ಮಂಡಿಗಳನ್ನು ಉಜ್ಜಿಕೊಂಡಳು.

"ನೀನು ನಡಿ," ಎಂದು ಕೂಗಿ ಹೇಳಿದಳು. "ಇದಕ್ಕೆ ಗುಡ್ಡ ಸಾಕು ಅನ್ನಿಸಿದ ಮೇಲೆ ನಾವು ಬರ್ತೀವಿ."