ಬಾಗಿಲ ಹಿಂದಿನ ಮಂಗಳ

ಬೆನ್ನು ಗೋಡೆಗೆ ನಿಲ್ಲುತ್ತಿರಲಿಲ್ಲ. ಶರಣಕುಮಾರ ಮೊಣಕಾಲೂರಿ ಮಡಿವಾಳಯ್ಯ ಮಾಸ್ತರರ ಹೆಗಲು ಹಿಡಿದುಕೊಂಡ. ಸಾಬಣ್ಣ ಧೋತರದ ಪಟ್ಟಿಯಿಂದ ಹೆಣದ ಎದೆಯನ್ನು ಗೋಡೆಯ ಗೂಟಕ್ಕೆ ಬಿಗಿದ. ಮಹಾದೇವಮ್ಮ ಗಂಡನ ಹಣೆಗೆ ವಿಭೂತಿ ಬಳಿದು, ಎಡ ಅಂಗೈಯಲ್ಲಿ ಲಿಂಗವಿಟ್ಟು, ಬೆರಳುಗಳನ್ನು ಒಂದೊಂದಾಗಿ ಮಡಿಸಿದಳು.

“ಜೀವ ಇದ್ದಾಗ ನಮಗ ಒಂದಿನ ಕುಂದ್ರಗೊಡಲಿಲ್ಲ,” ಎಂದ ಸಾಬಣ್ಣ. ಕಲ್ಲುಗಣಿಯ ಆಳಾದ ಅವನು ಇಪ್ಪತ್ತು ವರ್ಷ ದೊಡ್ಡಾಟದಲ್ಲಿ ರಾಣಿಯ ಪಾತ್ರ ಕಟ್ಟಿದವನು. “‘ರಾಣಿ ಹಂಗ ನಿಂದ್ರಲೇ, ಫರಸಿ ಕಲ್ಲ ಹೊತ್ತವ್ರಂಗ ನಿಂತೀದಿ’ ಅಂತ ಬೈತಿದ್ರು.”

ಗಂಟು ಬಿಗಿದು ಅವನೇ ಶರಣಕುಮಾರನತ್ತ ತಿರುಗಿದ.

“ಯುಗಾದಿಗಿ ಆಟ ಹ್ಯಾಂಗ ಶರಣ್ಯಾ?”

ರಾವೂರಿನ ಆಟವೆಲ್ಲ ಶರಣಕುಮಾರನ ಬಾಯಲ್ಲಿತ್ತು, ಮಂಗಳವೊಂದನ್ನು ಬಿಟ್ಟು. ಆಟ ಮುಗಿದ ಮೇಲೆ ಮಾಸ್ತರರು ಒಬ್ಬರೇ ಬಸವಣ್ಣನ ಗುಡಿಯೊಳಗೆ ಹೋಗಿ, ಕದ ಮುಚ್ಚಿ, ದೇವರಿಗಷ್ಟೇ ಕೇಳುವಂತೆ ಅದನ್ನು ಹಾಡುತ್ತಿದ್ದರು. ಹೊಸ್ತಿಲ ಹೊರಗೆ ಕಾವಲು ಕೂರುತ್ತಿದ್ದ ಮದ್ದಲೆಯ ಮಜೀದಸಾಬನಿಗೆ ಮಾತ್ರ ಒಳಗಿನ ತಾಳದ ಸದ್ದು ಕೇಳುತ್ತಿತ್ತು. ಉಳಿದವರು ದೂರದಲ್ಲಿ ಆಟದ ಅಟ್ಟದ ಮೇಲೆ ಕಾಯುತ್ತಿದ್ದರು. ಅಲ್ಲಿಯ ತನಕ ಯಾರೂ ಮುಖದ ಬಣ್ಣ ತೊಳೆಯುವಂತಿಲ್ಲ. ಮಂಗಳ ಬಾರದವನು ಆಟ ಏರಿಸುವಂತೆಯೇ ಇಲ್ಲ. ಗುರು ಅದನ್ನು ಬಾಯಿಂದಲೇ ಕೊಡಬೇಕು, ಒಬ್ಬನಿಗೇ ಕೊಡಬೇಕು.

* * *

ಹೋದ ಯುಗಾದಿಯ ಮರುದಿನ ಶರಣಕುಮಾರ ಕೇಳಿಯೇಬಿಟ್ಟಿದ್ದ.

“ವಯಸ್ಸಾತು ಮಾಸ್ತರ್ರ. ಮಂಗಳ ಕೊಡ್ರಿ.”

ಮಡಿವಾಳಯ್ಯ ಕಿರೀಟದ ಧೂಳು ಒರೆಸುತ್ತಿದ್ದರು. “ನಿನ್ನ ಕೊರಳಾಗ ಇನ್ನಾ ಅವಸರ ಅದ. ಬರೋ ವರ್ಷ ನೋಡಮು.”

“ಬರೋ ವರ್ಷ ನೀವು ಇರ್ಲಿಲ್ಲಂದ್ರ?”

“ಇಲ್ಲಂದ್ರ ನಿನಗ ಪಡಿಯೋ ಪುಣ್ಯ ಇಲ್ಲ, ನನಗ ಕೊಡೋ ಪುಣ್ಯ ಇಲ್ಲ,” ಎಂದು ನಕ್ಕಿದ್ದರು.

ಆಷಾಢದಲ್ಲಿ ಲಕ್ವಾ ಹೊಡೆಯಿತು. ಬಲಗೈ ಬಿತ್ತು, ಮಾತು ಹೋಯಿತು.

* * *

ಮಧ್ಯಾಹ್ನದ ಬಸ್ಸಿಗೆ ಮಜೀದಸಾಬ ಬಂದ. ಮೊಣಕಾಲು ಹಿಡಿದು ನಡೆಯಲಾಗದೆ, ಹೋದ ಯುಗಾದಿ ಕಳೆದ ಮೇಲೆ ಸುಲೇಪೇಟದ ಮಗಳ ಮನೆ ಸೇರಿದವನು ಇವತ್ತೇ ಊರು ಕಂಡದ್ದು. ಗೆಳೆಯನ ಎದುರು ಕುಳಿತ.

“ಕಡೀಗಿ ಭಾಳ ತ್ರಾಸ ಆತೇನ್ರಿ ವೈನಿ?” ಎಂದು ಮಹಾದೇವಮ್ಮನನ್ನು ಕೇಳಿದ.

“ತ್ರಾಸ ಏನಿಲ್ಲ ಮಜೀದಣ್ಣ. ನೀರಡಿಕಿ ಒಂದೇ. ಸಂಜಿಕಿ ಶರಣು ಬಂದು ಕುಂತ ಕೂಡ್ಲೇ ಎಡಗೈಲೆ ಮಂಚ ಬಡೀತಿದ್ರು, ನೀರ ಕೊಡು ಅಂತ.”

“ಹ್ಯಾಂಗ ಬಡೀತಿದ್ರು?”

ಮಹಾದೇವಮ್ಮ ಪಕ್ಕದ ತಂಬಿಗೆಯ ಮೇಲೆ ಬಡಿದು ತೋರಿಸಿದಳು. ಮೂರು. ತಡೆದು ಎರಡು. ಮತ್ತೆ ಮೂರು, ಕೊನೆಗೆ ಒಂದು. ತಿಂಗಳುಗಟ್ಟಲೆ ಕೇಳಿ ಅವಳ ಬೆರಳಿಗೇ ಬಂದುಬಿಟ್ಟಿತ್ತು.

“ಇನ್ನೊಮ್ಮಿ ಬಡೀರಿ,” ಎಂದ ಮಜೀದಸಾಬ. ಅವಳು ಬಡಿದಳು.

“ಅದು ನೀರಡಿಕಿ ಅಲ್ರಿ ವೈನಿ. ಮಂಗಳದ ತಾಳ ಅದು. ಹೊಸ್ತಿಲದಾಗ ಕುಂತು ನಲವತ್ತು ವರ್ಷ ಕೇಳೀನಿ.”

ತಂಬಿಗೆಯ ಮೇಲಿನ ಬೆರಳು ಅಲ್ಲೇ ನಿಂತಿತು.

“ತುಟಿ ಅಲಗಸ್ತಿದ್ರು,” ಎಂದ ಶರಣಕುಮಾರ. “ಬಾಯಿ ತೆರದಾಗೆಲ್ಲ ನಾ ನೀರ ಹಾಕ್ದೆ.”

“ನುಂಗತಿದ್ರೇನು?” ಎಂದ ಮಜೀದಸಾಬ.

“ಇಲ್ಲ. ಕಟವಾಯಿಂದ ಸುರೀತಿತ್ತು. ಒರಸಿ ಮತ್ತ ಹಾಕ್ತಿದ್ದೆ.”

“ತಂಬಗಿ ತುಂಬಿ ಕೊಟ್ಟಾಕಿ ನಾನೇ,” ಎಂದಳು ಮಹಾದೇವಮ್ಮ.

“ಪದ ಏನರ ಗೊತ್ತೇನು ಚಾಚಾ? ಒಂದ ಸಾಲರ?” ಎಂದು ಸಾಬಣ್ಣ ಕೇಳಿದ.

ಮಜೀದಸಾಬ ತಲೆಯಾಡಿಸಿದ. “ಕದ ಹಾಕಿರ್ತಿತ್ತಲ್ಲೋ.”

* * *

ಹಾಸುಗಲ್ಲು ಒಡೆದು ತೋಡಿದ ಕುಣಿಯಲ್ಲಿ ಮಾಸ್ತರರನ್ನು ಪದ್ಮಾಸನದಲ್ಲಿ ಕೂರಿಸಿದರು. ಮಠದ ಅಯ್ಯನವರು ಮಂತ್ರ ಹೇಳಿ ಮುಗಿಸಿದರು. ಪತ್ರಿ, ವಿಭೂತಿ, ಉಪ್ಪು ಮಡಿಲು ತುಂಬಿ ಎದೆಗೇರಿದವು, ಎದೆಯಿಂದ ಕೊರಳಿಗೆ. ಗದ್ದ ಮುಟ್ಟುವಾಗ ಶರಣಕುಮಾರ ಕುಣಿಗಿಳಿದು ಸಾಬಣ್ಣನ ಬುಟ್ಟಿ ತಡೆದ.

“ಸ್ವಲ್ಪ ನಿಂದ್ರು.”

“ಹೊತ್ತ ಮುಳುಗಲಿಕತ್ತದೋ ತಮ್ಮಾ.”

ಶರಣಕುಮಾರ ಬಗ್ಗಿ, ಮಾಸ್ತರರ ತುಟಿಗೆ ಕಿವಿ ಹಚ್ಚಿ, ಉಸಿರು ಬಿಗಿಹಿಡಿದು ಕುಳಿತ. ಮೇಲೆ ನಿಂತ ಜನ ಮಣ್ಣು ಹಿಡಿದ ಮುಷ್ಟಿ ಬಿಚ್ಚದೆ ಹಾಗೆಯೇ ನಿಂತರು.