ನೋಡಿ ಬರೆದದ್ದು

"ಎಲ್ಲಾ ಹಾಳೆ ಹಂಚಿಬಿಟ್ಟೆ ಮೇಡಂ, ಒಂದೂ ಉಳಿದಿಲ್ಲ" ಎಂದು ಒಂದನೇ ತರಗತಿಯ ಟೀಚರ್ ಆಫೀಸಿನ ಕಿಟಕಿಯಲ್ಲಿ ತಲೆ ತೂರಿಸಿ ಹೇಳಿ, ಒಂದು ಶಹಭಾಸ್‌ಗಿರಿಗಾಗಿ ಅಲ್ಲೇ ನಿಂತಳು.

ಶಾಲೆಯ ಗುಮಾಸ್ತೆ ಶಹಭಾಸ್ ಎನ್ನುವುದನ್ನೇ ಮರೆತಳು. ಸ್ಟೇಪ್ಲರ್ ಕೈಯಲ್ಲೇ ಉಳಿಯಿತು.

"ಎಲ್ಲಾ ಅಂದ್ರೆ? ನಮ್ಮ ಮಗೂದೂನಾ?"

"ನಿಮ್ಮ ಮೊಮ್ಮಗಳದ್ದು ಬಿಡ್ತೀನಾ? ನಾನೇ ಅವಳ ಬ್ಯಾಗಲ್ಲಿಟ್ಟೆ. ಉಳಿದ ಮಕ್ಕಳೆಲ್ಲ ಆಗ್ಲೇ ಹಾಳೇಲಿ ದೋಣಿ ಮಾಡ್ಕೊಂಡು ಕೂತಿವೆ. ಅವಳೊಬ್ಬಳೇ ಜಾಣೆ."

ಟೀಚರ್ ಹೋದಳು. ಗುಮಾಸ್ತೆ ಗಡಿಯಾರ ನೋಡಿದಳು.

ಹಾಳೆ ಎಂದರೆ ಮಗುವಿನ ವಿವರ: ಹೆಸರು, ಹುಟ್ಟಿದ ದಿನ, ವಿಳಾಸ, ಜನಾಂಗ. ಜನಾಂಗಕ್ಕೆ ನಂಬರು ಹಾಕಿದ ಒಂಬತ್ತು ಚೌಕಗಳು. ಯಾವ ಜನಾಂಗದ ಎಷ್ಟು ಮಕ್ಕಳು ಓದುತ್ತಿದ್ದಾರೆ, ಎಷ್ಟು ಮಂದಿ ನಡುವೆ ಬಿಟ್ಟರು, ಎಲ್ಲಿಗೆ ಇನ್ನೊಬ್ಬ ಟೀಚರು ಬೇಕು ಎಂದು ಮೇಲಿನ ಕಚೇರಿಯವರು ತಿಳಿದುಕೊಳ್ಳುವುದು ಅದರಿಂದಲೇ. ಹಾಗಾಗಿ ಆ ಜಾಗ ಖಾಲಿ ಬಿಡುವಂತಿಲ್ಲ. ಒಂದು ಮಗುವಿನದು ಖಾಲಿಯಿದ್ದರೂ ಕಂಪ್ಯೂಟರು ಇಡೀ ಶಾಲೆಯ ಪಟ್ಟಿಯನ್ನೇ ವಾಪಸ್ ಎಸೆಯುತ್ತದೆ. ಮನೆಯವರು ತುಂಬದಿದ್ದರೆ ಶಾಲೆಯವರು ಮಗುವನ್ನು ನೋಡಿ ಬರೆಯಬೇಕೆಂದು ನಿಯಮ. ಹಾಗೆ ನೋಡಿ ಬರೆದದ್ದರ ಪಕ್ಕ ಒಂದು ನಕ್ಷತ್ರದ ಗುರುತು ಬೀಳುತ್ತದೆ. ಇಷ್ಟು ವರ್ಷ ಈ ನಕ್ಷತ್ರಗಳೆಲ್ಲ ಆಫೀಸಿನ ಬೀರುವಿನಲ್ಲೇ ಹಾಯಾಗಿದ್ದವು. ಎಲ್ಲವನ್ನೂ ಮನೆಗೆ ಕಳಿಸಿ, ತಪ್ಪಿದ್ದರೆ ತಿದ್ದಿಸಿ, ಸಹಿ ಹಾಕಿಸಿ ತರಿಸಿ ಎಂಬುದು ಈ ವರ್ಷದ ಹೊಸ ಆಜ್ಞೆ.

ನೋಡಿ ಬರೆಯುವುದರಲ್ಲಿ ಗುಮಾಸ್ತೆಯದು ಪಳಗಿದ ಕೈ. ಇಪ್ಪತ್ತೆರಡು ವರ್ಷದಿಂದ ಅವಳ ರೀತಿ ಒಂದೇ: ಸೀಮೆಸುಣ್ಣದ ಡಬ್ಬ ಹಿಡಿದು ತರಗತಿಯ ಬಾಗಿಲಲ್ಲಿ ನಿಲ್ಲುವುದು. ತಮ್ಮನ್ನು ನೋಡಲು ಬಂದಿದ್ದಾರೆಂದು ಮಕ್ಕಳಿಗೆ ಗೊತ್ತಾಗಬಾರದಲ್ಲ? ಟೀಚರ ಹತ್ತಿರ ಸೀಮೆಸುಣ್ಣ ಸಾಕೇ ಬೇಕೇ ಎಂದು ಕೇಳುತ್ತ, ಓರೆಗಣ್ಣಲ್ಲಿ ಮೂರನೇ ಬೆಂಚಿನ ಮಗುವಿನ ಕೂದಲು, ಮೂಗು, ಬಣ್ಣ ಎಲ್ಲ ಅಳೆದುಕೊಂಡು ಬರುವುದು. ಶಾಲೆಗೆ ಬಿಳಿ ಬೋರ್ಡು ಬಂದು ಆರು ವರ್ಷವಾಯಿತು, ಸೀಮೆಸುಣ್ಣ ಯಾರಿಗೂ ಬೇಡ. ಅವಳು ಮಾತ್ರ ಡಬ್ಬ ಬಿಟ್ಟಿಲ್ಲ. "ಡಬ್ಬ ಬಂತಪ್ಪಾ, ಯಾರದೋ ಚೌಕ ಖಾಲಿ ಇರ್ಬೇಕು" ಎಂದು ಟೀಚರುಗಳು ಬೆನ್ನ ಹಿಂದೆ ನಗುವುದು ಅವಳಿಗೂ ಗೊತ್ತು.

ಚೌಕ ತುಂಬಿ ತುಂಬಿ ಅವಳಿಗೆ ಜನರೆಲ್ಲ ನಂಬರಿನಲ್ಲೇ ಕಾಣತೊಡಗಿದ್ದರು. ಅವಳ ಮನೆತನ ಮೂರು. ಒಬ್ಬನೇ ಮಗ ಇಷ್ಟಪಟ್ಟು ಕಟ್ಟಿಕೊಂಡದ್ದು ಏಳನ್ನು. ಮದುವೆಗೆ ಬರಲಿಲ್ಲವೆಂದು ಯಾರೂ ಹೇಳುವಂತಿಲ್ಲ, ಹೋಗಿದ್ದಳು. ಮುಖ ಊದಿಸಿಕೊಂಡು ಕೊನೆಯ ಸಾಲಿನಲ್ಲಿ ಕೂತು, ಊಟಕ್ಕೆ ಮುಂಚೆಯೇ ಎದ್ದು ಬಂದಿದ್ದಳು. ಮಾತಾಡಿಸಲು ಬಂದ ಬೀಗಿತ್ತಿಗೆ ಹೂಂ, ಉಹೂಂ ಎಂದದ್ದು ಬಿಟ್ಟರೆ ಮುಖ ಎತ್ತಿ ನೋಡಿರಲಿಲ್ಲ. ಮರುವರ್ಷ ಆ ಬೀಗಿತ್ತಿ ತೀರಿಕೊಂಡಳು. ಅದಾದ ಮೇಲೆ ಮೊಮ್ಮಗಳು ಹುಟ್ಟಿ ಅಜ್ಜಿಯ ಬಿಗುಮಾನವೆಲ್ಲ ಕರಗಿತು ಅನ್ನಿ. ಆದರೂ ಸೊಸೆಯ ಮುಂದೆ ಮಾತು ಹಗುರಾಗಿ ಬರುತ್ತಿರಲಿಲ್ಲ. ಹೋದ ವರ್ಷ ಮಗುವನ್ನು ಈ ಶಾಲೆಗೆ ಸೇರಿಸಿದಾಗ ಸೊಸೆಯೇ ಮುಂದಾಗಿ, "ಅತ್ತೆ, ಸ್ಕೂಲು ಮೂರೂವರೆಗೆ ಬಿಡುತ್ತೆ. ನಾನು ಅಂಗಡಿಯಿಂದ ಬರೋ ಹೊತ್ತಿಗೆ ಐದು. ಅಲ್ಲೀವರೆಗೆ ನಿಮ್ಮ ಹತ್ರ ಇರ್ಲಾ?" ಎಂದು ಕೇಳಿದ್ದಳು. ಆ ಒಂದೂವರೆ ಗಂಟೆಗಾಗಿ ಗುಮಾಸ್ತೆ ದಿನವಿಡೀ ಕಾಯುತ್ತಿದ್ದಳು.

ಅದೇ ಸೊಸೆ, ಶಾಲೆಗೆ ಸೇರಿಸುವ ಫಾರಮಿನಲ್ಲಿ ಜನಾಂಗದ ಜಾಗ ಖಾಲಿ ಬಿಟ್ಟಿದ್ದಳು. ಗುಮಾಸ್ತೆ ಕೇಳಬಹುದಿತ್ತು. ಮನೆ ಎರಡು ಬೀದಿಯಾಚೆ, ಫೋನು ಮೇಜಿನ ಮೇಲೇ. ಕೇಳಲಿಲ್ಲ. ಡಬ್ಬ ಹಿಡಿದು ಹೋಗಿ ಸ್ವಂತ ಮೊಮ್ಮಗಳನ್ನು ಓರೆಗಣ್ಣಲ್ಲಿ ನೋಡಿದಳು. ತುದಿ ಸ್ವಲ್ಪ ಬಾಗಿದ ಆ ಮೂಗು ತನ್ನದೇ, ಮಗನದೇ, ಸಂಶಯವೇ ಇಲ್ಲ. ವಾಪಸ್ ಬಂದು ಮೂರನ್ನು ಒತ್ತಿದಳು. ಒತ್ತಿದಾಗ ಒಳಗೊಳಗೇ ಖುಷಿಯಾಗಿದ್ದೂ ಸುಳ್ಳಲ್ಲ. ಈಗ ಆ ಮೂರೂ ಅದರ ಪಕ್ಕದ ನಕ್ಷತ್ರವೂ ಮಗುವಿನ ಬ್ಯಾಗಿನಲ್ಲಿ ಕೂತು ಸೊಸೆಯ ದಾರಿ ಕಾಯುತ್ತಿದ್ದವು. ಅವಳು ನೋಡಿದರೆ ನಾಳೆಯಿಂದ ಮಗು ಆಫೀಸಿಗೆ ಬರುತ್ತದೆಯೇ?

ಮೂರೂವರೆಗೆ ಗಂಟೆ ಹೊಡೆಯಿತು. ಮುಂದಿನ ಹಲ್ಲು ಬಿದ್ದ ಮೊಮ್ಮಗಳು ಎಂದಿನಂತೆ ಓಡಿಬಂದು ಸ್ಟೂಲು ಹತ್ತಿದಳು.

"ಬ್ಯಾಗ್ ಕೊಡು ಪುಟ್ಟಿ, ಭಾರ ಇರುತ್ತೆ."

"ಭಾರ ಇಲ್ಲ ಅಜ್ಜಿ."

"ಊಟದ ಡಬ್ಬಿ ತೊಳೆದಿಡ್ತೀನಿ ಕೊಡೇ."

"ಯಾವತ್ತೂ ತೊಳೆಯಲ್ವಲ್ಲ ನೀನು?"

ವಯಸ್ಸು ಆರು, ಮಾತು ಅರವತ್ತರದ್ದು. ಕೊನೆಗೆ ಅವಳು ನೀರು ಕುಡಿಯಲು ಹೋದಾಗ ಗುಮಾಸ್ತೆ ಬ್ಯಾಗಿನ ಜಿಪ್ ಎಳೆದು, ಹಾಳೆ ತೆಗೆದು, ಮೇಜಿನ ಖಾನೆಯಲ್ಲಿ ಹಾಜರಿ ಪುಸ್ತಕದ ಕೆಳಗೆ ತುರುಕಿದಳು. ಇಷ್ಟು ವರ್ಷದ ನೌಕರಿಯಲ್ಲಿ ಒಂದು ಪೆನ್ಸಿಲ್ ಕದ್ದವಳಲ್ಲ. ನಾಳೆ ಬೆಳಿಗ್ಗೆ ಬೇಗ ಬಂದು, ಕಂಪ್ಯೂಟರಿನಲ್ಲಿ ತಿದ್ದಿ, ಹೊಸ ಹಾಳೆ ತೆಗೆದು ಇಟ್ಟುಬಿಟ್ಟರಾಯಿತು, ಕಾಗೆಗೂ ಗೊತ್ತಾಗುವುದಿಲ್ಲ ಎಂದು ತನಗೆ ತಾನೇ ಧೈರ್ಯ ಹೇಳಿಕೊಂಡಳು.

ಐದಕ್ಕೆ ಸೊಸೆ ಬಂದಳು. ಕನ್ನಡಕದ ಅಂಗಡಿಯಲ್ಲಿ ಗಿರಾಕಿಗಳ ಮುಖಕ್ಕೆ ಫ್ರೇಮು ಕೂರಿಸುವುದು ಅವಳ ಕೆಲಸ. ಪುಟ್ಟ ಸ್ಕ್ರೂಡ್ರೈವರು ಅಂಗಿಯ ಜೇಬಿನಲ್ಲಿ ಹಾಗೇ ಇತ್ತು.

"ಅಮ್ಮಾ, ಟೀಚರ್ ಒಂದು ಹಾಳೆ ಕೊಟ್ಟಿದ್ದಾರೆ! ನಿನ್ನ ಕೈಗೇ ಕೊಡ್ಬೇಕಂತೆ!" ಮಗು ಬ್ಯಾಗಿಗೆ ಕೈ ಹಾಕಿತು. ಪುಸ್ತಕ ತೆಗೆಯಿತು, ಡಬ್ಬಿ ತೆಗೆಯಿತು, ಬಣ್ಣದ ಪೆಟ್ಟಿಗೆ ತೆಗೆಯಿತು. ಕೊನೆಗೆ ಬ್ಯಾಗನ್ನೇ ತಲೆಕೆಳಗು ಮಾಡಿ ಕೊಡವಿತು. "ಇಲ್ಲೇ ಇಟ್ಟಿದ್ರು! ನಾನು ಮುಟ್ಟೇ ಇಲ್ಲ!"

"ಇರ್ಲಿ ಬಿಡು. ಎಲ್ಲೋ ಬೀಳಿಸಿರ್ತೀಯಾ."

"ಬೀಳಿಸಿಲ್ಲಾ! ನಾನು ದೋಣೀನೂ ಮಾಡಿಲ್ಲಾ!" ತುಟಿ ಅದುರಿತು. ಕಣ್ಣು ತುಂಬಿ, ಆ ಬಾಗಿದ ಮೂಗಿನ ತುದಿಯಿಂದ ತೊಟ್ಟಿಕ್ಕತೊಡಗಿತು.

ಗುಮಾಸ್ತೆಗೆ ತಡೆಯಲಾಗಲಿಲ್ಲ. ಯಾರು ಏನಾದರೂ ಅಂದುಕೊಳ್ಳಲಿ, ತಾನು ಕದ್ದದ್ದಕ್ಕೆ ಈ ಕೂಸು ಅಳುವುದೆಂದರೇನು? ಖಾನೆ ಎಳೆದು ಹಾಳೆ ತೆಗೆದಳು.

"ನೀನು ಕಳೆದಿಲ್ಲ ಮರಿ. ನಾನೇ ತೆಗ್ದಿಟ್ಕೊಂಡಿದ್ದೆ. ಅಜ್ಜೀದೇ ತಪ್ಪು, ಸುಮ್ನಿರು."

ಸೊಸೆ ಅತ್ತೆಯ ಮುಖ ನೋಡಿದಳು, ಹಾಳೆ ನೋಡಿದಳು. ಮಗುವಿನ ಮೂಗು ಒರೆಸಿ ಅಂಗಳಕ್ಕೆ ಕಳಿಸಿ, ಸ್ಟೂಲಿನ ಮೇಲೆ ಕೂತು ಮೇಲಿಂದ ಕೆಳಗೆ ಓದಿದಳು. ಬೆರಳು ಒಂದು ಕಡೆ ನಿಂತಿತು.

"ಇದೇನತ್ತೆ, ಪಕ್ಕದಲ್ಲಿ ನಕ್ಷತ್ರ?"

ಯಂತ್ರದ್ದು ಏನೋ ತಪ್ಪು ಎಂದುಬಿಡಬಹುದಿತ್ತು. ಮಾತು ನಾಲಿಗೆಯ ತುದಿಗೂ ಬಂದಿತ್ತು. ಗುಮಾಸ್ತೆ ಅದನ್ನು ನುಂಗಿದಳು.

"ಮನೆಯವರು ಬರೀಲಿಲ್ಲ, ಸ್ಕೂಲಿನವರು ಮಗೂನ ನೋಡಿ ಬರೆದಿದ್ದಾರೆ ಅಂತ ಅದರರ್ಥ."

"ಸ್ಕೂಲಿನವರು ಅಂದ್ರೆ?"

"ನಾನೇ."

ಸೊಸೆಯ ದನಿ ಏರಲಿಲ್ಲ, ಏರಿದ್ದರೆ ಚೆನ್ನಾಗಿತ್ತು.

"ನಾವು ಮರೆತು ಬಿಟ್ಟಿದ್ದಲ್ಲ ಅತ್ತೆ. ಎರಡು ಚೌಕಕ್ಕೆ ಗುರುತು ಹಾಕೋ ಹಾಗಿರ್ಲಿಲ್ಲ. ನಿಮ್ಮ ಮಗ, ಏಳು ಅಂತ ಹಾಕಿದ್ರೆ ಅಮ್ಮ ನೊಂದ್ಕೋತಾರೆ, ಮೂರು ಹಾಕಿದ್ರೆ ನಿನ್ನ ಮನಸ್ಸಿಗೆ ಚುಚ್ಚುತ್ತೆ ಅಂತ ಒದ್ದಾಡಿದ್ರು. ಖಾಲಿ ಬಿಡಿ, ಏನು ಬರೀಲಿ ಅಂತ ಅತ್ತೆ ನನ್ನನ್ನ ಕೇಳೇ ಕೇಳ್ತಾರೆ, ಆಗ ಕೂತು ಮಾತಾಡೋಣ ಅಂದೆ." ಹಾಳೆಯನ್ನು ಮೇಜಿನ ಮೇಲಿಟ್ಟಳು. "ನಾನು ಒಂದು ವಾರ ಕಾದೆ, ಕೇಳ್ತೀರ ಅಂತ."

ಗುಮಾಸ್ತೆ ಎದ್ದು ಸೊಸೆಯ ಹತ್ತಿರ ಬಂದಳು. "ತಪ್ಪಾಯ್ತು ಕಣಮ್ಮಾ" ಎಂದಳು. ಮದುವೆಯ ದಿನದಿಂದ ಹೇಳಬೇಕಿದ್ದ ಮಾತು, ಹೇಳಿದ ಮೇಲೆ ಇಷ್ಟೇನಾ ಅನ್ನಿಸಿತು.

ಸೊಸೆ ಹಾಳೆಯತ್ತ ಬೆರಳು ತೋರಿಸಿ ಕೇಳಿದಳು. "ಏನು ನೋಡಿ ಮೂರು ಅಂತ ಬರೆದ್ರಿ?"

"ಮೂಗು. ನಮ್ಮನೆ ಮೂಗು ಅದು. ತುದಿ ನೋಡು, ಬಾಗಿದೆ."

ಸೊಸೆಗೆ ಕೋಪವಿತ್ತು. ಆದರೂ ನಗು ತಡೆಯಲಾಗಲಿಲ್ಲ. "ಅಯ್ಯೋ ಅತ್ತೆ! ದಿನಕ್ಕೆ ಮೂವತ್ತು ಮೂಗು ಮುಟ್ಟಿ ನೋಡೋಳ ಹತ್ರ ಮೂಗಿನ ಮಾತಾಡ್ತೀರಲ್ಲ! ನಿಮ್ಮದೂ ನಿಮ್ಮ ಮಗಂದೂ ಬುಡದಲ್ಲಿ ಎತ್ತರ, ಕನ್ನಡಕ ಇಟ್ಟರೆ ಇಟ್ಟಲ್ಲೇ ನಿಲ್ಲುತ್ತೆ. ಇವಳದು ಬುಡ ತಗ್ಗು, ತುದಿ ಬಾಗು. ಕನ್ನಡಕ ಜಾರುತ್ತೆ." ಫೋನು ತೆಗೆದು ಒಂದು ಫೋಟೋ ಹುಡುಕಿ ಮುಂದೆ ಹಿಡಿದಳು. "ನೋಡಿ, ನಮ್ಮಮ್ಮ. ನಾನು ಕೆಲಸ ಕಲಿತ ಮೇಲೆ ಮೊದಲು ಕೂರಿಸಿದ ಕನ್ನಡಕ. ಎಷ್ಟು ಬಗ್ಗಿಸಿದ್ರೂ ಜಾರೋದು."

ಗುಮಾಸ್ತೆ ಫೋನನ್ನು ಎರಡೂ ಕೈಯಲ್ಲಿ ತೆಗೆದುಕೊಂಡಳು. ಕನ್ನಡಕ ಮೂಗಿನ ತುದಿಗೆ ಜಾರಿದ್ದ ಹೆಂಗಸೊಬ್ಬಳು ಅದರ ಮೇಲಿಂದ ಕಣ್ಣು ಹಾಯಿಸಿ ನಗುತ್ತಿದ್ದಳು. ಅದೇ ಮೂಗು, ಅದೇ ತುದಿ. ಮಗು ತಪ್ಪು ಮಾಡಿ ಸಿಕ್ಕಿಬಿದ್ದಾಗ ನಗುವ ನಗುವೂ ಅದೇ. ಊರ ಮಕ್ಕಳ ಮುಖವನ್ನೆಲ್ಲ ಅಳೆದ ತಾನು, ಎದುರಿಗೆ ಬಂದು ನಿಂತ ಈ ಮುಖವನ್ನು ನೋಡದೆ ಎದ್ದು ಬಂದಿದ್ದಳಲ್ಲ!

"ಎಷ್ಟು ಲಕ್ಷಣವಾಗಿದ್ರು" ಎಂದಳು.

"ಹೂಂ. ನಿಮ್ಮನ್ನ ಒಂದ್ಸಲ ಊಟಕ್ಕೆ ಕರೀಬೇಕು ಅಂತಿದ್ರು. ಊಟ ಮಾಡದೆ ಹೋದ್ರು ಪಾಪ ಅಂತ."

ಆ 'ಪಾಪ' ಎನ್ನುವುದು ಗುಮಾಸ್ತೆಗೆ ನಾಟಿತು. ಕಣ್ಣೊರೆಸಿಕೊಂಡು ಪೆನ್ನು ಮುಂದೆ ಚಾಚಿದಳು. "ಈ ವರ್ಷದಿಂದ ಎರಡಕ್ಕೂ ಹಾಕ್ಬಹುದು. ತಗೋ."

"ನೀವೇ ಹಾಕಿ ಅತ್ತೆ."

"ಬೇಡಮ್ಮ. ನಾನು ಬರೆದ್ರೆ ಮತ್ತೆ ನಕ್ಷತ್ರ ಬೀಳುತ್ತೆ."

ಸೊಸೆ ಮೂರಕ್ಕೂ ಏಳಕ್ಕೂ ಗುರುತು ಹಾಕಿ, ಕೆಳಗೆ ಸಹಿ ಮಾಡಿದಳು. ನಾಳೆ ಮೂರೂವರೆಗೆ ಮಗು ಬರುತ್ತದೆಯೇ ಎಂದು ಕೇಳದೆ ಗುಮಾಸ್ತೆ ಹಾಳೆಯನ್ನು ಫೈಲಿಗೆ ಸೇರಿಸಿದಳು. ಸೊಸೆ ಬಾಗಿಲ ಹತ್ತಿರ ಹೋಗಿ ತಿರುಗಿದಳು. "ನಾಳೆ ನಾನು ಬರೋದು ಐದೂವರೆ ಆಗ್ಬಹುದು. ಆಗುತ್ತಲ್ವಾ?"

"ಆರಾದ್ರೂ ಆಗ್ಲಿ ಬಿಡು!" ಎಂದಳು ಗುಮಾಸ್ತೆ, ಸ್ವಲ್ಪ ಜೋರಾಗಿಯೇ.

ಮರುದಿನ ಪಟ್ಟಿ ತೆಗೆದರೆ ಶಾಲೆಯಲ್ಲಿ ಇನ್ನೂ ಹನ್ನೊಂದು ನಕ್ಷತ್ರಗಳಿದ್ದವು. ಮೂರೂವರೆಗೆ ಗುಮಾಸ್ತೆ ಸೀಮೆಸುಣ್ಣದ ಡಬ್ಬವನ್ನು ಮೊಮ್ಮಗಳ ಕೈಗೆ ಕೊಟ್ಟು, "ಹೋಗು, ಅಂಗಳದಲ್ಲಿ ಏನು ಬೇಕಾದ್ರೂ ಬರ್ಕೋ" ಎಂದು ಕಳಿಸಿ, ಫೋನು ಹತ್ತಿರ ಎಳೆದುಕೊಂಡಳು.

"ನಮಸ್ಕಾರ, ಸ್ಕೂಲಿನಿಂದ ಮಾತಾಡ್ತಿರೋದು. ಇಲ್ಲ ಇಲ್ಲ, ಮಗು ಚೆನ್ನಾಗಿದಾನೆ, ಗಾಬರಿ ಆಗ್ಬೇಡಿ. ನಿಮ್ಮನ್ನ ಕೇಳದೆ ನಾನೇ ಒಂದು ಬರೆದುಬಿಟ್ಟಿದ್ದೆ. ಈಗ ಕೇಳೋಣ ಅಂತ..."

ಐದೂವರೆಗೆ ಸೊಸೆ ಬಂದಾಗ ಹನ್ನೊಂದರಲ್ಲಿ ಏಳು ಮನೆಗೆ ಫೋನು ಮಾಡಿ ಮುಗಿದಿತ್ತು. ಇಬ್ಬರೂ ಅಂಗಳಕ್ಕಿಳಿದರು. ಸಿಮೆಂಟು ನೆಲದ ಮೇಲೆ ಮಂಡಿಯೂರಿ ಕೂತಿದ್ದ ಮಗುವಿನ ಮುಂದೆ ಸೀಮೆಸುಣ್ಣದ ಒಂದು ಮುಖ ಮೂಡಿತ್ತು. ಮುಖ ಅನ್ನುವುದೇನು, ಮುಕ್ಕಾಲು ಪಾಲು ಮೂಗೇ.

"ಯಾರ ಮೂಗೇ ಇದು?" ಅಜ್ಜಿ ಕೇಳಿದಳು.

"ನಂದು" ಎಂದಿತು ಮಗು, ತಲೆ ಎತ್ತದೆ. "ತಡಿ, ಇನ್ನೂ ಕನ್ನಡಕ ಹಾಕಿಲ್ಲ."

ನಾಲಿಗೆ ಕಚ್ಚಿಕೊಂಡು ಎರಡು ಸುತ್ತು ಎಳೆಯಿತು. ಕನ್ನಡಕ ಮೂಗಿನ ತುದಿಗೇ ಹೋಗಿ ಕೂತಿತು. ಸೊಸೆ ಅತ್ತೆಯ ಮೊಣಕೈ ಹಿಡಿದಳು. ಇಬ್ಬರೂ ಆ ಗೆರೆಗಳನ್ನು ತುಳಿಯದ ಹಾಗೆ ಸುತ್ತಿಕೊಂಡು ಹೋಗಿ, ಗೇಟಿನ ಹತ್ತಿರ ಮಗು ಮುಗಿಸುವುದನ್ನೇ ಕಾಯುತ್ತ ನಿಂತರು.