ಪರ್ವಿಸನ ಹೊಲದ ಕಲ್ಲುಗುಪ್ಪೆ

"ಕಲ್ಲು ಎತ್ತಾಕೆ ಬಂದಿದ್ದೀಯೋ, ಕಲ್ಲಿಗೆ ಮುತ್ತಿಕ್ಕಾಕೆ ಬಂದಿದ್ದೀಯೋ? ಬಗ್ಗಲಾ ಬೋಳಿಮಗನೆ, ಸೊಂಟಕ್ಕೇನು ಗೂಟ ಹೊಡ್ಕಂಡಿದ್ದೀಯಾ?"

ವೆಂಡೆಲ್ ಪರ್ವಿಸ್ ತನ್ನ ಟ್ರಕ್ಕಿನ ಕಿಟಕಿಯಿಂದ ತಲೆ ಹೊರಗೆ ಹಾಕಿ ಕೂಗುತ್ತಿದ್ದ. ಆ ಬೈಗುಳ ಡೆಲ್ರಾಯ್‌ಗೆ. ನನಗೆ ಬೈಯುವಾಗ ಅವನು 'ಅಮ್ಮಣ್ಣಿ' ಎಂದು ಶುರು ಮಾಡುತ್ತಾನೆ, ಆಮೇಲೆ ಅದಕ್ಕಿಂತ ಹೊಲಸಾಗಿ ಬೈಯುತ್ತಾನೆ. ಡೆಲ್ರಾಯ್ ಜಮೈಕಾದವನು. ಪ್ರತಿ ವಸಂತದಲ್ಲಿ ಬಂದು, ಹಿಮ ಬೀಳುವ ಮೊದಲು ವಾಪಸು ಹೋಗುತ್ತಾನೆ. ಧಣಿಗೆ ಬೇಡವಾದರೆ ಬೇಸಾಯದ ನಡುವೆಯೇ ವಿಮಾನ ಹತ್ತಿಸಿ ಕಳಿಸುತ್ತಾರೆ, ಮುಂದಿನ ವರ್ಷ ಕರೆಯುವುದಿಲ್ಲ. ಅದಕ್ಕೇ ಅವನು ಏನು ಬೈದರೂ "ಆಯ್ತು ಧಣಿ" ಎನ್ನುತ್ತಾನೆ.

ಒಂಟಾರಿಯೊದ ಈ ಕಡೆ ಹೊಲಗಳು ಕಲ್ಲನ್ನೇ ಹೆರುತ್ತವೆ. ಚಳಿಗೆ ಹೆಪ್ಪುಗಟ್ಟಿದ ನೆಲ ಕರಗಿ ಸಡಿಲವಾಗುವಾಗ ಒಳಗಿನ ಕಲ್ಲನ್ನು ಮೇಲಕ್ಕೆ ನೂಕುತ್ತದೆ. ಹೋದ ವರ್ಷ ಎಷ್ಟೇ ಚೊಕ್ಕಟ ಮಾಡಿರಲಿ, ಈ ವರ್ಷ ಮತ್ತೆ ಕಲ್ಲು. ಬಿತ್ತನೆಗೆ ಮುಂಚೆ ಅವನ್ನೆಲ್ಲ ಕೈಯಲ್ಲಿ ಆರಿಸಿ ಬೇಲಿಯ ಪಕ್ಕಕ್ಕೆ ಸುರಿಯಬೇಕು. ಕೂಲಿ ದಿನದ ಲೆಕ್ಕವಲ್ಲ, ಟ್ರೇಲರಿನ ಲೆಕ್ಕ. ಉಗುರು ಕಿತ್ತುಹೋಗುತ್ತದೆ. ಸಂಜೆ ಬೆನ್ನು ನೆಟ್ಟಗೆ ಮಾಡಲು ಕಂಬ ಹಿಡಿದು ನಿಲ್ಲಬೇಕು. ಊರಿನವರು ಯಾರೂ ಈ ಕೆಲಸಕ್ಕೆ ಬರುವುದಿಲ್ಲ. ನಾನು ಬಂದದ್ದು ಕೂಲಿಗಲ್ಲ.

ನಾನು ಬಂದದ್ದು ಲಾಕಿಗಾಗಿ. ಲಾಕ್ಲನ್ ಮಕಾಸ್ಕಿಲ್, ನನ್ನ ತಾತ ಮರ್ಡೊನ ತಮ್ಮ.

ಅವರು ಸ್ಕಾಟ್ಲೆಂಡಿನ ಪಡುವಣ ದ್ವೀಪದವರು. ಅಪ್ಪ ಸಮುದ್ರದ ಪಾಲಾಗಿದ್ದ. ತಾಯಿ ಮೀನಿನ ಕರುಳು ಬಗೆಯುವ ಕೂಲಿಗೆ ಬಂದರಿನಿಂದ ಬಂದರಿಗೆ ಅಲೆಯಬೇಕಿತ್ತು. ಒಂದು ಚಳಿಗಾಲಕ್ಕೆಂದು ಮಕ್ಕಳಿಬ್ಬರನ್ನು ಪಟ್ಟಣದಲ್ಲಿ ಬಡಮಕ್ಕಳನ್ನು ಸಾಕುವ ಒಂದು ಧರ್ಮದ ಮನೆಯಲ್ಲಿ ಬಿಟ್ಟಳು. ಅವರಿಗೆ ಕೊಡಲು ಸಕ್ಕರೆಕಡ್ಡಿ ಹಿಡಿದು ಅವಳು ವಾಪಸು ಬರುವಷ್ಟರಲ್ಲಿ ಆ ಮನೆಯವರು ಮಕ್ಕಳನ್ನು ಕೆನಡಾದ ಹಡಗು ಹತ್ತಿಸಿಬಿಟ್ಟಿದ್ದರು. ಕೆನಡಾದಲ್ಲಿ ಒಳ್ಳೆಯ ಗಾಳಿ, ಒಳ್ಳೆಯ ಊಟ, ಒಳ್ಳೆಯ ಮನೆತನ ಎಂದರಂತೆ. ಅವಳನ್ನು ಯಾರೂ ಕೇಳಿರಲಿಲ್ಲ.

ಇಲ್ಲಿನ ರೈಲು ನಿಲ್ದಾಣದಲ್ಲಿ ರೈತರು ಬಂದು ಹುಡುಗರ ತೋಳು ಹಿಚುಕಿ ನೋಡಿ ಹೊಲಗೆಲಸಕ್ಕೆ ಆರಿಸಿಕೊಂಡರು. ತಾತನನ್ನು ಒಬ್ಬ ಒಯ್ದ. ಲಾಕಿಯನ್ನು ಇನ್ನೊಬ್ಬ. ನಿಲ್ದಾಣದಿಂದಲೇ ಕಾಣುವ ಕೆಂಪು ಇಟ್ಟಿಗೆಯ ದೊಡ್ಡ ಮನೆಯವನು. ಮೊದಲ ಚಳಿಗಾಲದಲ್ಲಿ ತಾತ ಹಿಮದಲ್ಲಿ ನಡೆದುಕೊಂಡು ತಮ್ಮನನ್ನು ನೋಡಲು ಬಂದ. ಅಡುಗೆಮನೆಯ ಬಾಗಿಲಲ್ಲಿ ನಿಂತ ಹೆಂಗಸು, "ಓಡೋದ ಕಣೊ, ತಿಂದ ಮನೆಗೆ ಕನ್ನ ಹಾಕೋ ಜಾತಿ" ಎಂದಳು. ಜಗಲಿಯಲ್ಲಿ ಲಾಕಿಯ ಬೂಟುಗಳು ಒಣಗುತ್ತಿದ್ದವು. ಆ ಹಿಮದಲ್ಲಿ ಬೂಟು ಬಿಟ್ಟು ಓಡಿಹೋಗುವ ಹುಡುಗ ಯಾರು? ತಾತ ಅದನ್ನು ಕೇಳುವಷ್ಟರಲ್ಲಿ ಅವಳು ನಾಯಿ ಬಿಟ್ಟಳು.

ಇಷ್ಟು ಹೇಳಲು ತಾತನಿಗೆ ಇಡೀ ಬದುಕು ಹಿಡಿಯಿತು. ಈಗ ಅವನ ಶ್ವಾಸಕೋಶ ಕೆಟ್ಟಿದೆ. "ಎಫಿ, ನಂಗೆ ಔಷ್ಧಿ ಬ್ಯಾಡ ಕಣಮ್ಮಿ" ಎಂದ. "ಲಾಕಿ ಎಲ್ಲವ್ನೆ ಅಂತ ತಿಳ್ಕಂಡು ಬಾ. ಗೊತ್ತಾಗ್ದೆ ನಂಗೆ ಸಾಯಾಕೂ ಆಗಾಕಿಲ್ಲ."

ಆ ಕೆಂಪು ಇಟ್ಟಿಗೆಯ ಮನೆ ಈಗಲೂ ಇದೆ. ಲಾಕಿಯನ್ನು ಒಯ್ದವನ ಮೊಮ್ಮಗನೇ ವೆಂಡೆಲ್. ಕೆಲಸಕ್ಕೆ ಸೇರಿದ ದಿನವೇ ನಾನು ನೀರು ಕೇಳುವ ನೆಪದಲ್ಲಿ ಅಡುಗೆಮನೆಯ ಬಾಗಿಲಿಗೆ ಹೋದೆ. ಕೂಲಿಯವರ ತಗಡಿನ ಲೋಟ ಅಲ್ಲಿ ಹೊರಗೆ ಮೊಳೆಗೆ ನೇತಾಡುತ್ತದೆ. ಅದನ್ನು ಒಳಗೆ ತರುವ ಹಾಗಿಲ್ಲ. ವೆಂಡೆಲನ ತಾಯಿ ಮೇಲಿನಿಂದ ನೀರು ಸುರಿದಳು.

"ಹಿಂದೆ ಇಲ್ಲಿ ಹಡಗಿನಲ್ಲಿ ಬಂದ ಹುಡುಗ್ರು ಇದ್ರಂತಲ್ಲಮ್ಮಾರೆ?" ಎಂದೆ.

"ಇದ್ವು. ಗಟಾರದ ಹುಳ ತಂದು ನಮ್ಮತ್ತೆ ಮಾವ ಅನ್ನ ಇಕ್ಕುದ್ರು. ಕೊಟ್ಟಿಗೇಲಿ ದನಕ್ಕಿಂತ ಜಾಸ್ತಿ ತಿಂತಿದ್ವಂತೆ. ಒಂದು ಓಡೋಯ್ತು. ಇನ್ನೊಂದು ಅಗೋ, ಇನ್ನೂ ತಿಂತಾ ಐತೆ." ಅವಳು ಗಲ್ಲದಲ್ಲೇ ಷೆಡ್ಡಿನ ಕಡೆ ತೋರಿಸಿದಳು. "ನಿಂಗ್ಯಾಕೆ ಅದೆಲ್ಲ? ಕುಡ್ದಾಯ್ತಾ? ಲೋಟ ತೊಳ್ದು ನೇತಾಕು."

ಷೆಡ್ಡಿನ ಬಾಗಿಲಲ್ಲಿ ಮುದುಕ ಡೂಗಲ್ ಕೂತಿದ್ದ. ಯಂತ್ರಗಳ ಷೆಡ್ಡಿನ ಮೇಲಿನ ಅಟ್ಟವೇ ಅವನ ಮನೆ. ಹುಡುಗನಾಗಿ ಬಂದವನು ಇಲ್ಲೇ ಮುದುಕನಾದ. ನಾನು ಹೋಗಿ ಎಷ್ಟು ಮಾತಾಡಿಸಿದರೂ "ಹೂಂ" ಎಂದನೇ ಹೊರತು ಬಾಯಿ ಬಿಡಲಿಲ್ಲ. ಅವನ ಕಣ್ಣು ಮನೆಯ ಕಿಟಕಿಯ ಮೇಲೇ ಇತ್ತು.

ಬರುವ ಭಾನುವಾರ ಪರ್ವಿಸರ ಹೊಲಕ್ಕೆ ನೂರು ವರ್ಷ ತುಂಬುವ ಹಬ್ಬ. ಡೇರೆ ಹಾಕಬೇಕು, ಇಡೀ ತಾಲ್ಲೂಕು ಬರುತ್ತದೆ. ಡೇರೆಗೆ ಗುರುತು ಹಾಕಿದ ಜಾಗದ ನಡುವೆ ಎದೆಮಟ್ಟದ ಒಂದು ಕಲ್ಲುಗುಪ್ಪೆ. ಬೇರೆ ಗುಪ್ಪೆಗಳೆಲ್ಲ ಬೇಲಿಯ ಉದ್ದಕ್ಕಿದ್ದರೆ ಇದೊಂದು ಒಳ್ಳೆಯ ನೆಲದ ನಟ್ಟನಡುವೆ ಕೂತಿತ್ತು.

"ಇದ್ನ ಎತ್ತಿ ಹಳ್ಳಕ್ಕೆ ಸುರೀರಿ" ಎಂದ ವೆಂಡೆಲ್. "ಇದಕ್ಕೂ ಟ್ರೇಲರ್ ಲೆಕ್ಕಾನೇ."

ಕಲ್ಲು ಆರಿಸುವವರಿಗೆ ಇದಕ್ಕಿಂತ ಸಿಹಿ ಮಾತಿಲ್ಲ. ಹೊಲದ ತುಂಬ ಬಗ್ಗಿ ಅಗೆದು ಟ್ರೇಲರ್ ತುಂಬಿಸುವುದೆಲ್ಲಿ, ಆಗಲೇ ಗುಡ್ಡೆ ಹಾಕಿದ ಕಲ್ಲು ಎತ್ತುವುದೆಲ್ಲಿ. ನಾನೂ ಡೆಲ್ರಾಯನೂ ಹಸಿದವರು ಅನ್ನಕ್ಕೆ ಬಿದ್ದ ಹಾಗೆ ಬಿದ್ದೆವು.

"ಯಾವನೋ ಪುಣ್ಯಾತ್ಮ ನಮ್ಗೇ ಅಂತ ಮಡಗವ್ನೆ" ಎಂದು ಡೆಲ್ರಾಯ್ ನಕ್ಕ. ನಾನೂ ನಕ್ಕೆ. ಟ್ರೇಲರ್ ಮೇಲೆ ಟ್ರೇಲರ್ ಹಳ್ಳಕ್ಕೆ ಸುರಿದೆವು. ಕಲ್ಲು ಬೀಳುವ ಸದ್ದಿಗೆ ಡೂಗಲ್ ಷೆಡ್ಡಿನಿಂದ ಬಂದು ಬೇಲಿಯ ಹತ್ತಿರ ನಿಂತ. ಟೋಪಿ ತೆಗೆದು ಎದೆಗೆ ಹಿಡಿದಿದ್ದ.

"ಯಾಕಜ್ಜೋ, ತಲೆ ಒಣಗಾಕ್ತಿದ್ದೀಯಾ?" ಎಂದು ನಾನು ಕೂಗಿದೆ. ಅವನು ಟೋಪಿ ಹಾಕಿಕೊಳ್ಳಲಿಲ್ಲ.

ಗುಪ್ಪೆ ಮೊಣಕಾಲಿನ ಮಟ್ಟಕ್ಕೆ ಇಳಿದಾಗ ನನಗೆ ಏನೋ ಕಸಿವಿಸಿ ಶುರುವಾಯಿತು. ಮೇಲಿನ ಕಲ್ಲುಗಳು ಗಂಡಸು ಎತ್ತುವಂಥವು. ಕೆಳಗೆ ಹೋದಂತೆ ಕಲ್ಲು ಸಣ್ಣದಾಗುತ್ತ ಬಂತು. ಒಂದು ಮಗು ಎತ್ತಬಹುದಾದಷ್ಟು. ಬಿಸಾಡಿದ ಹಾಗಿರಲಿಲ್ಲ, ಒಂದರ ಪಕ್ಕ ಒಂದು ಕೂರಿಸಿದ ಹಾಗಿತ್ತು. ಅವನ್ನೂ ಸರಿಸಿದೆ. ಅಡಿಯಲ್ಲಿ ಬೆಳ್ಳಗಿನ ಕಲ್ಲುಗಳ ಹಾಸು. ಉದ್ದಕ್ಕೆ, ಕಿರಿದಾಗಿ.

ಬಿಳಿಯ ಕಲ್ಲು ನನಗೆ ಗೊತ್ತು. ಅಜ್ಜಿ ಸತ್ತಾಗ ತಾತ ಸಮಾಧಿಯ ಮೇಲೆ ಬಿಳಿಯ ಕಲ್ಲೇ ಬೇಕೆಂದು ಕೆರೆಯ ದಡವೆಲ್ಲ ಹುಡುಕಿ ತಂದು ಹಾಸಿದ್ದ. ಹುಲ್ಲು ಕತ್ತರಿಸುವ ಯಂತ್ರದ ಅಲಗು ಮುರಿಯುತ್ತದೆ ಎಂದು ಸ್ಮಶಾನದವರು ಅವನ್ನು ಬಿಸಾಡಿದರು. ತಾತ ಮತ್ತೆ ತಂದು ಹಾಸಿದ. ಅವರ ದ್ವೀಪದಲ್ಲಿ ಹಾಗೆ. ಸತ್ತವರ ಮೇಲೆ ಬಿಳಿಯ ಕಲ್ಲು, ಹಾದುಹೋಗುವವರೆಲ್ಲ ಅದರ ಮೇಲೆ ಒಂದೊಂದು ಕಲ್ಲು ಇಡುತ್ತಾರೆ. ನಾನು ಬೆಳಗಿನಿಂದ ಹಳ್ಳಕ್ಕೆ ಸುರಿದದ್ದು ಏನು?

ಬೇಲಿಗೆ ಓಡಿದೆ. "ಅಜ್ಜ, ಅಲ್ಲಿ ಯಾರವ್ರೆ?"

ಡೂಗಲ್ ಮನೆಯ ಕಿಟಕಿ ನೋಡಿದ. ಆಮೇಲೆ ಮೊದಲ ಸಲ ನನ್ನ ಮುಖ ನೋಡಿದ.

"ನೀನ್ಯಾರ ಪೈಕಿ?"

"ಮರ್ಡೊ ಮಕಾಸ್ಕಿಲ್ಲನ ಮೊಮ್ಮಗ್ಳು."

"ಹಂಗಾದ್ರೆ ಅವ್ನು ನಿನ್ ಚಿಕ್ತಾತ" ಎಂದ. "ಲಾಕಿ."

ಅವನು ಹೇಳಿದ್ದು ಕೆಲವೇ ಮಾತು. ಲಾಕಿಯ ಕೈಯಿಂದ ಹಾಲಿನ ಕ್ಯಾನು ಮಗುಚಿತು. ವೆಂಡೆಲನ ತಾತ ಹಗ್ಗದಿಂದ ಹೊಡೆದು, ಬೂಟು ಕಿತ್ತುಕೊಂಡು, ರಾತ್ರಿಯೆಲ್ಲ ಕಣಜದಲ್ಲಿ ಕೂಡಿಹಾಕಿದ. ಬೆಳಗ್ಗೆ ಲಾಕಿ ಏಳಲಿಲ್ಲ.

"ನೆಲ ಕಲ್ಲಾಗಿತ್ತು, ಅಗ್ಯಾಕಾಗ್ಲಿಲ್ಲ. ಹಿಮ ಕರಗೋಗಂಟ ಚೀಲದಲ್ಲಿ ಸುತ್ತಿ ಸೌದೆ ಕೊಟ್ಗೇಲಿ ಇಟ್ಟಿದ್ರು. ಆಮ್ಯಾಕೆ, ಸತ್ತ ಕರ ಹೂಳೋ ಹಂಗೆ ಹೂಳಲಾ ಅಂತ ನನ್ ಕೈಲೇ ಗುದ್ಲಿ ಕೊಟ್ರು. ನಾನೂ ಅದೇ ದ್ವೀಪದೋನು. ಹಂಗೇ ಬಿಡಾಕಾಯ್ತದಾ? ಕಲ್ಲು ಆರ್ಸೋವಾಗೆಲ್ಲ ಬೇಲಿ ತಾವ್ಕೆ ಹೋಗ್ದೆ ಇವ್ನ ಮ್ಯಾಲೆ ಹಾಕ್ದೆ. ಎಲ್ಲಾ ವರ್ಸಾನೂವೆ. ಮುದಿಧಣಿ ನೋಡಿ, ಈ ಮುಂಡೇದು ಕಲ್ಲು ಚೆಂದಾಗಿ ಆರಿಸ್ತೈತೆ ಅಂದ. ಈ ಮನ್ಯಾಗೆ ನನ್ನ ಹೊಗಳಿದ್ದು ಅದೊಂದೇ ಸಲ."

"ಯಾರ್ಗಾದ್ರೂ ಹೇಳ್ಬಾರ್ದಿತ್ತಾ ಅಜ್ಜ?"

"ಯಾರ್ ಕೇಳುದ್ರು?" ಎಂದ.

ನನಗೆ ಅವನ ಮೇಲೆ ಸಿಟ್ಟು ಬಂತು. ಮರುಕ್ಷಣ ಆ ಸಿಟ್ಟಿಗೆ ನಾಚಿಕೆಯಾಯಿತು. ಹಳ್ಳಕ್ಕೆ ಹೋಗಿ ಕಲ್ಲು ವಾಪಸು ತುಂಬತೊಡಗಿದೆ. ಡೆಲ್ರಾಯ್ ವಿಷಯ ಕೇಳಿ ಬೆವರು ಒರೆಸಿಕೊಂಡ. "ಗುಲಾಮ್ರಾಗಿದ್ದ ನಮ್ ಮುತ್ತಜ್ಜೀರನ್ನೂ ಹಿಂಗೇ ಕಬ್ಬಿನ ಗದ್ದೇಲಿ ಹೂತವ್ರೆ" ಎಂದು ಅವನೂ ತುಂಬತೊಡಗಿದ.

ಎರಡನೆಯ ಟ್ರೇಲರ್ ವಾಪಸು ತರುವಷ್ಟರಲ್ಲಿ ವೆಂಡೆಲನ ಟ್ರಕ್ಕು ಹೊಲಕ್ಕೆ ಇಳಿಯಿತು. ಪಕ್ಕದಲ್ಲಿ ಪಾದ್ರಿ. ಭಾನುವಾರದ ಪ್ರಾರ್ಥನೆಗೆ ಎಲ್ಲಿ ನಿಲ್ಲಬೇಕೆಂದು ನೋಡಲು ಬಂದಿದ್ದರು. ಬೂಟಿಗೆ ಕೆಸರು ತಾಗದಂತೆ ಜಾಗ ಹುಡುಕಿ ಇಳಿದರು.

"ಅಮ್ಮಣ್ಣಿ, ಗುಪ್ಪೆ ಇಳ್ಸು ಅಂದ್ರೆ ಏರಿಸ್ತಾ ಇದೀಯಲ್ಲ" ಎಂದ ವೆಂಡೆಲ್. "ಬುದ್ಧಿ ಕೆಳಗ್ ಮಡಗಿದ್ದೀಯಾ?"

"ಇಲ್ಲಿ ನಮ್ ಚಿಕ್ತಾತ ಅವ್ನೆ. ನಿಮ್ ತಾತ ಕೊಂದಿದ್ದು."

ವೆಂಡೆಲ್ ಬೆಚ್ಚಲಿಲ್ಲ. ಅವನಿಗೆ ಗೊತ್ತಿತ್ತು. ಆ ಮನೆಯಲ್ಲಿ ಎಲ್ಲರಿಗೂ ಗೊತ್ತಿತ್ತು. ಅದಕ್ಕೇ ಇಷ್ಟು ವರ್ಷ ಯಾರೂ ಅಲ್ಲಿ ನೇಗಿಲು ಇಟ್ಟಿರಲಿಲ್ಲ.

"ಈ ಮುದಿಗೊಡ್ಡು ಹೇಳ್ತಾ?" ಅವನು ಡೂಗಲನ ಕಡೆ ತಿರುಗಿದ. "ಲೇ ಡೂಗಲ್, ಅಟ್ಟದ ಮ್ಯಾಲಿನ ಗಂಟು ಕಟ್ಕೊ. ನಾಳೆಯಿಂದ ಯಾವ ಚರಂಡೀಲಾದ್ರೂ ಬಿದ್ಕೊ. ಡೆಲ್ರಾಯ್, ಮಣ್ಣು ಬಾಚೋ ಬಕೆಟ್ ಟ್ರ್ಯಾಕ್ಟ್ರು ತಗೊಂಬಾ. ನೆಲಸಮ ಮಾಡು. ಆಗಾಕಿಲ್ಲ ಅಂದ್ರೆ ಹೇಳು, ನಾಳೆ ವಿಮಾನಕ್ಕೆ ನಾನೇ ಬಿಡ್ತೀನಿ."

ಡೆಲ್ರಾಯ್ ನನ್ನ ಮುಖ ನೋಡದೆ ಹೋದ. ಅವನ ಮೂರು ಹೆಣ್ಣುಮಕ್ಕಳು ಶಾಲೆಗೆ ಹೋಗುವುದು ಈ ಹೊಲದ ಮೇಲೆ.

ಪಾದ್ರಿ ಗಂಟಲು ಸರಿಮಾಡಿಕೊಂಡರು. "ನೋಡಮ್ಮ, ಮುದುಕರ ಮಾತು. ಇಲ್ಲಿರೋದು ಬರೀ ಕಲ್ಲು. ಇದ್ದರೂ, ಎಷ್ಟೋ ಕಾಲದ್ದು. ಕೆದಕಿದ್ರೆ ಯಾರ್ಗೆ ನೆಮ್ಮದಿ? ಭಾನುವಾರ ಅಗಲಿದವ್ರಿಗೆಲ್ಲ ಸೇರ್ಸಿ ಒಂದು ಪ್ರಾರ್ಥನೆ ಮಾಡ್ತೀನಿ. ಆಯ್ತಾ?"

"ಬರೀ ಕಲ್ಲು ಅಂತೀರಾ ಸ್ವಾಮಿ?"

"ಮತ್ತಿನ್ನೇನು?"

ನಾನು ಮಂಡಿಯೂರಿದೆ. ಡೂಗಲ್ "ಬ್ಯಾಡ ಕಣಮ್ಮಿ, ಮಲಗವ್ನೆ" ಎಂದ. ಅವನ ಮಾತು ಎದೆಗೆ ಚುಚ್ಚಿತು. ಆದರೆ ಕಲ್ಲು ಮಾತ್ರ ಇದ್ದರೆ ಇನ್ನು ಸ್ವಲ್ಪ ಹೊತ್ತಿಗೆ ಬಕೆಟ್ಟು ಬಂದು ಬಾಚಿಕೊಂಡು ಹೋಗುತ್ತದೆ, ಅದರ ಮೇಲೆ ಡೇರೆ ಏಳುತ್ತದೆ, ಇವರು ಕೇಕು ತಿನ್ನುತ್ತಾರೆ. ನಮ್ಮ ತಾತನಿಗೆ ನಾನು ಏನು ಹೇಳಲಿ?

ತಲೆಯ ಕಡೆಯ ಬಿಳಿಯ ಕಲ್ಲೊಂದನ್ನು ಎತ್ತಿದೆ. ಇಡಲು ಜಾಗ ನೋಡಿ ಪಾದ್ರಿಗೆ ಚಾಚಿದೆ.

"ಹಿಡ್ಕಳಿ."

ಅವರು ಯೋಚಿಸದೆ ಕೈಯೊಡ್ಡಿದರು. ಇನ್ನೊಂದು ಕೊಟ್ಟೆ. ಮತ್ತೊಂದು. ಅವರ ಕೋಟಿನ ತೋಳೆಲ್ಲ ಮಣ್ಣಾಯಿತು. ಟ್ರ್ಯಾಕ್ಟರ್ ಗುಡುಗುತ್ತ ಬಂದು ನನ್ನ ಬೆನ್ನ ಹಿಂದೆ ನಿಂತಿತು. ಬಕೆಟ್ಟಿನ ಹಲ್ಲು ನನ್ನ ಹೆಗಲ ಮಟ್ಟದಲ್ಲಿತ್ತು. ನಾನು ಕೈಯಲ್ಲೇ ಮಣ್ಣು ಸರಿಸಿದೆ. ಕೊಳೆತ ಗೋಣಿಯ ಎಳೆಗಳು ಬಂದವು. ಇನ್ನೊಂದಿಷ್ಟು ಸರಿಸಿದೆ. ಎಳೆಗಳ ನಡುವೆ ಸಣ್ಣದೊಂದು ತಲೆಬುರುಡೆಯ ಹಣೆ ಕಂಡಿತು.

ಪಾದ್ರಿ ಬಗ್ಗಿ ನೋಡಿದರು. ಅವರ ಬಾಯಿ ತೆರೆದುಕೊಂಡಿತು.

"ಹೊಡಿಯಲಾ" ಎಂದ ವೆಂಡೆಲ್.

ಡೆಲ್ರಾಯ್ ಎಂಜಿನ್ ನಿಲ್ಲಿಸಲಿಲ್ಲ, ಮುಂದೆಯೂ ಬರಲಿಲ್ಲ. ಡೂಗಲ್ ಬೇಲಿ ದಾಟಿ ಬಂದು ನನ್ನ ಪಕ್ಕ ಕುಸಿದು ಕೂತ. ಅವನೂ ಕೈಯಿಂದ ಮಣ್ಣು ಸರಿಸತೊಡಗಿದ, ಮಲಗಿದ ಮಗುವಿನ ಹಣೆಯ ಕೂದಲು ಸರಿಸುವಷ್ಟು ಮೆಲ್ಲಗೆ.

"ಸ್ವಾಮಿ, ಕಲ್ಲು ಕೆಳ್ಗಾಕಿ, ಹೋಗಾಣ" ಎಂದ ವೆಂಡೆಲ್.

ಪಾದ್ರಿ ಎದೆಗವಚಿಕೊಂಡ ಕಲ್ಲುಗಳನ್ನು ನೋಡಿದರು. ಆಮೇಲೆ ತಮ್ಮ ಕಾಲ ಬಳಿಯ ಗುಂಡಿಯನ್ನು ನೋಡಿದರು.

"ಎಲ್ಲಿ ಹಾಕ್ಲಿ ವೆಂಡೆಲ್?" ಎಂದರು. "ಹೇಳು, ಎಲ್ಲಿ ಹಾಕ್ಲಿ?"